ಗಜನಿಯ ಒಡೆತನ

ಬೇಡ್ತಿಯೆಂಬ ತನ್ನ ಮಲೆನಾಡಿನ ಹೆಸರನ್ನು ಘಟ್ಟದ ಮೇಲೆಯೇ ತೊರೆದು, ಗಂಗಾವಳಿಯಾಗಿ ಕೆಳಗಿಳಿದು ಬಂದ ಹೊಳೆಯು ಅಂಕೋಲೆ ತಾಲ್ಲೂಕಿನ ಮಂಜಗುಣಿಯ ಬಳಿ ಕಡಲನ್ನು ಸೇರುವ ಮುನ್ನ, ಕೆಲವು ಹರಿದಾರಿಗಳಷ್ಟು ದೂರ, ಪೂರ್ತಿ ನದಿಯೆನ್ನಲೂ ಬಾರದ ಪೂರ್ತಿ ಸಮುದ್ರವೆನ್ನಲೂ ಬಾರದ ಒಂದು ಸಂದಿಗ್ಧ ಸ್ಥಿತಿಯಲ್ಲಿ ಹರಿಯುತ್ತದೆ. ದಿನಕ್ಕೆರಡು ಬಾರಿ ಭರತದ ಉಪ್ಪುನೀರು ಅದರೊಳಕ್ಕೆ ನುಗ್ಗುತ್ತದೆ. ದಿನಕ್ಕೆರಡು ಬಾರಿ ಇಳಿತದೊಡನೆ ಹಿಂದೆ ಸರಿಯುತ್ತದೆ. ಕಾರವಾರದ ಬಳಿ ಕಾಳಿ ನದಿಯ ಮುಖದಲ್ಲಿಯೂ, ಇವೆರಡರ ನಡುವೆ ಕಡಲಿಗಿಳಿಯುವ ಸಣ್ಣಪುಟ್ಟ ಹಳ್ಳಗಳ ಬಾಯಿಯಲ್ಲಿಯೂ ಇದೇ ವ್ಯಾಪಾರ. ಹೀಗೆ ಬಂದುಹೋಗುವ ನೀರಿನ ಇಕ್ಕೆಲಗಳಲ್ಲಿ, ಮಣ್ಣಿನ ಏರಿಯೊಂದನ್ನು ನಡುವೆ ಹಾಕಿಕೊಂಡು, ಸಮುದ್ರದ ಮಟ್ಟಕ್ಕೆ ಸರಿಸಮವಾಗಿ ಮಲಗಿರುವ ಗದ್ದೆಬಯಲುಗಳಿಗೆ ಗಜನಿ ಎಂದು ಹೆಸರು. ಶ್ರಾವಣದಲ್ಲಿ ಅಲ್ಲಿ ನಿಂತು ನೋಡಿದವನಿಗೆ ಎದೆಯೆತ್ತರದ ಭತ್ತದ ಹಸುರು ಕಾಣುತ್ತದೆ. ಮಾಘದಲ್ಲಿ ಬಂದು ನೋಡಿದವನಿಗೆ ಅದೇ ಸ್ಥಳದಲ್ಲಿ ಬೆಳ್ಳಕ್ಕಿಗಳು ಹೊಂಚುಹಾಕಿ ನಿಂತ ಒಂದು ಉಪ್ಪಿನ ಸರೋವರವಲ್ಲದೆ ಬೇರೇನೂ ಕಾಣದು. ಆ ನೀರಿನ ಅಡಿಯಲ್ಲಿ ಇಂಥವನ ಮೂರು ಗುಂಟೆ, ಇಂಥವಳ ಐದು ಗುಂಟೆ ಎಂದು ನೆಲವು ಹಂಚಿಹೋಗಿದೆಯೆಂಬುದನ್ನೂ, ಅದರ ಪ್ರತಿಯೊಂದು ತುಂಡಿಗೂ ಕಚೇರಿಯಲ್ಲಿ ಒಂದು ಸರ್ವೆ ನಂಬರಿದೆಯೆಂಬುದನ್ನೂ ಹೊರಗಿನವನು ಊಹಿಸುವುದು ಕಷ್ಟ.

ಈ ಗಜನಿಯ ಅಂಚಿನಲ್ಲಿ, ನೀರು ಮುಟ್ಟದಷ್ಟು ಎತ್ತರದ ದಿಬ್ಬಗಳ ಮೇಲೆ, ತೆಂಗು ಹಲಸುಗಳ ನೆರಳಿನಲ್ಲಿ ಗುಂಪುಗೂಡಿದ ಮನೆಗಳ ಸಮುದಾಯವೇ ಕೊಪ್ಪ. ಬಹುಮಟ್ಟಿಗೆ ಹಾಲಕ್ಕಿ ಒಕ್ಕಲಿಗರು ವಾಸಿಸುವ ಇಂಥ ಕೊಪ್ಪಗಳಿಗೆ ತಮ್ಮದೇ ಆದ ಆಡಳಿತವೊಂದು ಪೂರ್ವಕಾಲದಿಂದ ನಡೆದುಬಂದಿದೆ. ಊರಗೌಡನೊಬ್ಬ, ಅವನಿಗೆ ಸಲಹೆಗಾರನಾದ ಬುದವಂತನೊಬ್ಬ, ಸುದ್ದಿಯನ್ನು ಮನೆಮನೆಗೆ ಮುಟ್ಟಿಸುವ ಕೋಲಕಾರನೊಬ್ಬ. ಹಲವು ಕೊಪ್ಪಗಳು ಕೂಡಿ ಒಂದು ಸೀಮೆ. ಅಂಕೋಲೆ, ಕಡವಾಡ, ಗೋಕರ್ಣ, ಮಿರ್ಜಾನ, ಚಂದಾವರ ಮುಂತಾದ ಸೀಮೆಗಳಿಗೆ ಒಬ್ಬೊಬ್ಬ ಸೀಮೆಯ ಗೌಡ. ಮದುವೆ, ಮನಸ್ತಾಪ, ಸುಗ್ಗಿಯ ಕುಣಿತ ಎಲ್ಲಕ್ಕೂ ಈ ವ್ಯವಸ್ಥೆಯೇ ಆಧಾರ. ಇಷ್ಟೊಂದು ಸುವ್ಯವಸ್ಥಿತವಾದ ಸಮಾಜಕ್ಕೆ ತಾನು ಉತ್ತ ನೆಲದ ಮೇಲೆ ಹಕ್ಕಿರಲಿಲ್ಲವೆಂಬ ಸಂಗತಿಯೇ ನನ್ನನ್ನು ಈ ವಿಷಯದ ಕಡೆಗೆ ಮೊದಲು ಎಳೆದದ್ದು.

ಹಕ್ಕಿನ ಮಾತಿಗೆ ಹೋಗುವ ಮುನ್ನ ಬೇಸಾಯದ ಕ್ರಮವನ್ನು ತಿಳಿಯಬೇಕು. ಏಕೆಂದರೆ ಇಲ್ಲಿ ಒಡೆತನದ ಸ್ವರೂಪವನ್ನು ನಿರ್ಣಯಿಸಿರುವುದು ಬೇಸಾಯವೇ. ಊರಿನ ನೆಲ ಒಂದೇ ಬಗೆಯದಲ್ಲ. ಎತ್ತರದಲ್ಲಿ ಮಳೆಯನ್ನೇ ನಂಬಿದ ಮಕ್ಕಿಗದ್ದೆ. ಅದರ ಕೆಳಗೆ ತೇವ ಉಳಿಯುವ ಬಯಲುಗದ್ದೆ, ಭತ್ತವನ್ನು ಕೊಯ್ದ ಮೇಲೆ ಶೇಂಗಾ, ಉದ್ದು, ಹರಿವೆ, ಬದನೆ, ಮೊಗೆಸೌತೆಗಳಿಗೆ ಎಡೆಗೊಡುವಂಥದು. ಈ ಕಾಯಿಪಲ್ಲೆಗಳನ್ನು ಬುಟ್ಟಿಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು, ಕೊರಳ ತುಂಬ ಕರಿಮಣಿಯ ಸರಗಳನ್ನು ಧರಿಸಿ ಅಂಕೋಲೆಯ ಪೇಟೆಗೆ ಬರುವ ಹಾಲಕ್ಕಿ ಹೆಂಗಸರನ್ನು ಕಾಣದವರಿಲ್ಲ. ಎಲ್ಲಕ್ಕಿಂತ ಕೆಳಗಿನದು ಗಜನಿ. ಅದರಲ್ಲಿ ಬೇರೆ ಭತ್ತ ಬಾರದು. ಉಪ್ಪನ್ನು ಸಹಿಸಬಲ್ಲ ಕಗ್ಗವೊಂದೇ ಬರುತ್ತದೆ.

ವೈಶಾಖ ಜ್ಯೇಷ್ಠಗಳಲ್ಲಿ, ಮಳೆಯ ಮುಂಚೆ, ಏರಿಯನ್ನು ಮಣ್ಣು ಹಾಕಿ ಭದ್ರಪಡಿಸುತ್ತಾರೆ. ಹೊಳೆಗೂ ಗದ್ದೆಗೂ ನಡುವೆ ಜಂತ್ರಡಿಯೆಂಬ ಹಲಗೆಬಾಗಿಲುಗಳಿರುತ್ತವೆ. ಮಳೆಗಾಲದ ಆರಂಭದಲ್ಲಿ ಬಿದ್ದ ಸಿಹಿನೀರು ಮಣ್ಣಿನ ಉಪ್ಪನ್ನು ಕರಗಿಸಿಕೊಳ್ಳುತ್ತದೆ. ಇಳಿತದ ಹೊತ್ತಿನಲ್ಲಿ ಬಾಗಿಲನ್ನು ತೆರೆದು ಆ ನೀರನ್ನು ಹೊರಗೆ ಬಿಡುತ್ತಾರೆ, ಭರತವೇರುವ ಮುಂಚೆ ಮುಚ್ಚುತ್ತಾರೆ. ಹೀಗೆ ಹಲವು ಸಲ ತೊಳೆದ ಕೆಸರಿನ ಮೇಲೆ ಮೊಳಕೆಯೊಡೆದ ಕಗ್ಗದ ಬೀಜವನ್ನು ಬಿತ್ತಿದರೆ, ಗೊಬ್ಬರವನ್ನಾಗಲಿ ಔಷಧವನ್ನಾಗಲಿ ಬೇಡದೆ, ನೆರೆಯಲ್ಲಿ ಹತ್ತು ಹನ್ನೆರಡು ದಿನ ಮುಳುಗಿದ್ದರೂ ಕೊಳೆಯದೆ, ಅದು ಎದ್ದು ನಿಲ್ಲುತ್ತದೆ. ಸುಗ್ಗಿಯಲ್ಲಿ ತೆನೆಯನ್ನಷ್ಟೇ ಕೊಯ್ದು ದಂಟನ್ನು ಅಲ್ಲಿಯೇ ಬಿಡುವುದು ರೂಢಿ. ಕೊಯ್ಲು ಮುಗಿದ ಕೂಡಲೆ ಬಾಗಿಲನ್ನು ತೆರೆದು ಉಪ್ಪುನೀರನ್ನು ಒಳಗೆ ಬಿಟ್ಟಾಗ, ಅದರ ಜೊತೆಯಲ್ಲಿ ಶೆಟ್ಲಿಯೆಂಬ ಸಿಗಡಿಯ ಮರಿಗಳೂ ಮೀನುಗಳೂ ಬಂದು, ಕೊಳೆಯುವ ಆ ದಂಟಿನಲ್ಲಿ ಆಹಾರವನ್ನೂ ಆಶ್ರಯವನ್ನೂ ಪಡೆಯುತ್ತವೆ. ಅವು ಬಿಟ್ಟುಹೋದುದೇ ಮುಂದಿನ ವರುಷದ ಕಗ್ಗಕ್ಕೆ ಗೊಬ್ಬರ. ಭತ್ತವು ಮೀನನ್ನೂ ಮೀನು ಭತ್ತವನ್ನೂ ಸಾಕುವ ಇಂಥ ಪರಸ್ಪರೋಪಕಾರವು ಕೇರಳದ ಪೊಕ್ಕಾಳಿಯಲ್ಲಿಯೂ, ಕಾರವಾರದ ಗಡಿಯಾಚೆ ಗೋವೆಯ ಖಾಜನದಲ್ಲಿಯೂ ಕಂಡುಬರುತ್ತದೆ.

ಈಗ ಏರಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಾನು ಹೇಳಬೇಕೆಂದಿರುವುದೆಲ್ಲ ಅದರ ಮೇಲೆಯೇ ನಿಂತಿದೆ. ಮಕ್ಕಿಗದ್ದೆಯ ಒಡೆಯನು ತನ್ನ ಗದ್ದೆಯ ಬದುವನ್ನು ಕಾಯ್ದುಕೊಂಡರೆ ಸಾಕು, ನೆರೆಯವನ ಸೋಮಾರಿತನದಿಂದ ಅವನ ಬೆಳೆ ಪೂರ್ತಿಯಾಗಿ ಹಾಳಾಗಲಾರದು. ಗಜನಿಯಲ್ಲಾದರೋ, ಏಡಿ ಕೊರೆದ ಒಂದು ಬಿಲವನ್ನು ಒಂದು ಹುಣ್ಣಿಮೆಯ ಭರತದಂದು ಯಾರೊಬ್ಬರೂ ಗಮನಿಸದೆ ಹೋದರೆ, ಬೆಳಗಾಗುವುದರೊಳಗೆ ಏರಿ ಒಡೆದು ನೂರು ಮನೆಗಳ ಗದ್ದೆಗಳಿಗೂ ಉಪ್ಪು ನುಗ್ಗುತ್ತದೆ. ಆದುದರಿಂದ ಗಜನಿಯಲ್ಲಿ ಒಬ್ಬನ ಸ್ವತ್ತು ಎಂಬುದು, ಕಾಗದದ ಮೇಲೆ ಎಷ್ಟೇ ಸ್ಪಷ್ಟವಾಗಿ ಬರೆದಿದ್ದರೂ, ಎಲ್ಲರೂ ಕೂಡಿ ಕಾಯ್ದ ಏರಿಯ ಒಳಗೆ ಮಾತ್ರ ಸ್ವತ್ತು. ಏರಿ ಹೋದ ದಿನ ಅದು ಹೊಳೆ.

ಇಂಥ ನೆಲದ ಕಾಗದವಾದರೂ ಸರಳವಾಗಿತ್ತೆ? 1799ರಲ್ಲಿ ಟಿಪ್ಪುವಿನ ಪತನಾನಂತರ ಕನ್ನಡ ಜಿಲ್ಲೆಯು ಕಂಪನಿಯ ಕೈಸೇರಿದಾಗ ಇಲ್ಲಿಗೆ ಮೊದಲ ಕಲೆಕ್ಟರನಾಗಿ ಬಂದ ತಾಮಸ್ ಮನ್ರೋ, ಭೂಮಿಯು ರಾಜನದಲ್ಲ, ಬಹುಕಾಲದಿಂದ ಪ್ರಜೆಗಳ ಖಾಸಗಿ ಸ್ವತ್ತಾಗಿ ಕ್ರಯವಿಕ್ರಯಕ್ಕೆ ಒಳಪಟ್ಟಿದೆಯೆಂಬುದನ್ನು ಕಂಡು ತನ್ನ ಮೇಲಧಿಕಾರಿಗಳಿಗೆ ವಿಸ್ತಾರವಾಗಿ ಬರೆದನು. ಈ ಪ್ರಶ್ನೆ ಕನ್ನಡನಾಡಿಗಷ್ಟೇ ಸೀಮಿತವಾಗಿರಲಿಲ್ಲವೆಂಬುದಕ್ಕೆ ಒಂದು ನಿದರ್ಶನವನ್ನು ಇಲ್ಲಿ ಹೇಳಬಹುದು. ನಮ್ಮ ಊರೂರಿನ ಕೈಫಿಯತ್ತುಗಳನ್ನು ಬರೆಯಿಸಿ ಸಂಗ್ರಹಿಸಿದ ಕರ್ನಲ್ ಕಾಲಿನ್ ಮೆಕೆಂಜಿಯು, 1811ರಲ್ಲಿ ಆಂಗ್ಲರು ಡಚ್ಚರಿಂದ ಜಾವಾ ದ್ವೀಪವನ್ನು ಗೆದ್ದಾಗ ಸೈನ್ಯದೊಡನೆ ಅಲ್ಲಿಗೆ ಹೋಗಿ, ಹಳ್ಳಿಯ ಭೂಮಿ ಯಾರದೆಂಬ ವಿಚಾರಣೆಯನ್ನು ನಡೆಸಿದವರಲ್ಲಿ ಪ್ರಮುಖನಾಗಿದ್ದನು. ಜಾವಾದ ಹಲವು ಊರುಗಳಲ್ಲಿ ನೀರಾವರಿ ಗದ್ದೆಯ ಪಾಲು ದೊರೆಯುತ್ತಿದ್ದುದು ಊರಿನ ಕೆಲಸದಲ್ಲಿ ಹೆಗಲು ಕೊಟ್ಟವನಿಗೆ. ನಮ್ಮ ಗಜನಿಯನ್ನು ಕಂಡವರಿಗೆ ಆ ನ್ಯಾಯವು ಅಪರಿಚಿತವೆನಿಸದು.

ಆದರೆ ಮನ್ರೋ ಕಂಡ ಆ ಸ್ವತ್ತು ಉಳುವವನದಾಗಿರಲಿಲ್ಲ. ಸರಕಾರಕ್ಕೆ ಕಂದಾಯ ಕೊಡುವವನು ಮೂಲವರ್ಗದಾರ. ಅವನ ಕೆಳಗೆ ಶಾಶ್ವತವಾದ, ಏರಿಸಲು ಬಾರದ ಗೇಣಿಯನ್ನು ತೆತ್ತು ಪರಂಪರೆಯಾಗಿ ನೆಲವನ್ನು ಅನುಭವಿಸುವವನು ಮೂಲಗೇಣಿಯವ. ಅವನಿಗೂ ಕೆಳಗೆ, ಒಡೆಯನ ಇಚ್ಛೆಯಿರುವತನಕ ಮಾತ್ರ ಉಳಬಹುದಾದವನು ಚಾಲಗೇಣಿಯವ. ಕೊಪ್ಪದ ಬಹುಜನರು ಈ ಕೊನೆಯ ವರ್ಗದವರು. ಬೆಳೆದ ಭತ್ತದ ದೊಡ್ಡ ಪಾಲು ಗೇಣಿಯಾಗಿ ಒಡೆಯನ ಕಣಜವನ್ನು ಸೇರುತ್ತಿತ್ತು. ಹಬ್ಬಕ್ಕೆ ಕಾಣಿಕೆ, ಒಡೆಯನ ಮನೆಯ ಕಾರ್ಯಕ್ಕೆ ಬಿಟ್ಟಿದುಡಿಮೆ ಬೇರೆ. ಗುಡಿಸಲು ನಿಂತ ದಿಬ್ಬವೂ ಒಡೆಯನದೇ ಆದುದರಿಂದ, ಗದ್ದೆಯನ್ನು ಕಳೆದುಕೊಂಡವನು ಮನೆಯನ್ನೂ ಕಳೆದುಕೊಳ್ಳುತ್ತಿದ್ದನು. 1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ವರ್ಗವಾಗಿ, ಹೊಸ ಸರ್ವೆಯಿಂದ ಕಂದಾಯವು ಏರಿದಾಗ, ಭೂಮಾಲಿಕರು ಸರಕಾರದ ಮೇಲೆ ವ್ಯಾಜ್ಯ ಹೂಡಿದರು. 1875ರಲ್ಲಿ ಮುಂಬಯಿಯ ಹೈಕೋರ್ಟು ಆ ವ್ಯಾಜ್ಯದಲ್ಲಿ ಕನ್ನಡ ಜಿಲ್ಲೆಯ ಭೂಚರಿತ್ರೆಯನ್ನೆಲ್ಲ ಸುದೀರ್ಘವಾಗಿ ಪರಾಮರ್ಶಿಸಿತಾದರೂ ಕಂದಾಯವನ್ನೇರಿಸುವ ಸರಕಾರದ ಅಧಿಕಾರವನ್ನು ಅಲ್ಲಗಳೆಯಲಿಲ್ಲ. ಚಾಲಗೇಣಿಯವನ ಮೊರೆ ಅಷ್ಟು ದೂರದ ನ್ಯಾಯಾಲಯಕ್ಕೆ ಕೇಳಿಸುವಂತಿರಲಿಲ್ಲ.

ನೆಲವನ್ನು ಕಳೆದುಕೊಳ್ಳುವುದೆಂದರೇನೆಂಬುದನ್ನು ಒಡೆಯರೂ ಅರಿತ ಕಾಲವೊಂದು ಬಂದಿತು. 1930ರ ಏಪ್ರಿಲಿನಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಅದರ ಬೆನ್ನಿಗೇ ಬಂದ ಕರನಿರಾಕರಣೆಯಲ್ಲಿ ಈ ಸೀಮೆಯ ರೈತರು ಕಂದಾಯ ಕೊಡಲೊಲ್ಲೆವೆಂದು ನಿಂತಾಗ, ಸರಕಾರವು ಪಾತ್ರೆಪಗಡಗಳನ್ನೂ ದನಕರುಗಳನ್ನೂ ಜಪ್ತಿ ಮಾಡಿ, ಕೊನೆಗೆ ಜಮೀನನ್ನೇ ಹರಾಜಿಗಿಟ್ಟಿತು. ತಾತಮುತ್ತಾತಂದಿರ ಗದ್ದೆಯಲ್ಲಿ ಇನ್ನೊಬ್ಬನು ನೇಗಿಲು ಹೂಡುವುದನ್ನು ಅವರು ಕಣ್ಣಾರೆ ಕಂಡರು. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲವು ಅಧಿಕಾರಕ್ಕೆ ಬಂದ ಮೇಲೆಯೇ, ಜಪ್ತಿಯಾದ ಭೂಮಿಯನ್ನು ಹಿಂದಿರುಗಿಸುವ ಕಾನೂನಾದದ್ದು. ಅಂಕೋಲೆಗೆ ಕರ್ನಾಟಕದ ಬಾರ್ಡೋಲಿಯೆಂಬ ಬಿರುದು ಸಂದುದು ನ್ಯಾಯವಾಗಿಯೇ ಇದೆ.

ಹೀಗೆ ಭೂಮಿಗಾಗಿ ಹೋರಾಡಿದವರ ಗದ್ದೆಗಳನ್ನು ಉತ್ತವರ ಗತಿಯೇನೆಂದು ಕೇಳಿದವರು ಅದೇ ಅಂಕೋಲೆಯ ಮಣ್ಣಿನ ಮಗನಾದ ದಿನಕರ ದೇಸಾಯಿಯವರು. 1909ರಲ್ಲಿ ಜನಿಸಿ, ಭಾರತ ಸೇವಕ ಸಮಾಜವನ್ನು ಸೇರಿ ಮುಂಬಯಿಯಲ್ಲಿ ನೆಲಸಿದ್ದ ಅವರು, ಮೂವತ್ತರ ದಶಕದ ಕೊನೆಯಲ್ಲಿ ಊರೂರು ತಿರುಗಿ ಗೇಣಿ ಒಕ್ಕಲುಗಳನ್ನು ಸಂಘಟಿಸಿದರು. ಸರಕಾರವು ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿತು. ಚುಟುಕಗಳ ಕವಿಯೆಂದು ನಾಡೆಲ್ಲ ಅವರನ್ನು ಬಲ್ಲದು. 1953ರಲ್ಲಿ ಅವರು ಕಟ್ಟಿದ ಕೆನರಾ ವೆಲ್‌ಫೇರ್ ಟ್ರಸ್ಟಿನ ಶಾಲೆಗಳಲ್ಲಿ ಓದಿದವರು ಅವರನ್ನು ಶಿಕ್ಷಣದಾತರೆನ್ನುತ್ತಾರೆ. ಆದರೆ, ಎತ್ತಿದ ತಲೆಯನ್ನು ಒಡೆಯನೆದುರು ಬಾಗಿಸಬೇಕಾಗಿಲ್ಲವೆಂದು ಚಾಲಗೇಣಿಯವನಿಗೆ ಹೇಳಿಕೊಟ್ಟುದೇ ಅವರ ಕಾರ್ಯಗಳಲ್ಲಿ ಹಿರಿದೆಂದು ನನ್ನ ನಂಬಿಕೆ.

1948ರಲ್ಲಿ ಮುಂಬಯಿ ಸರಕಾರವು ಎರಡು ಕಾಯಿದೆಗಳನ್ನು ಮಾಡಿತು. ಒಂದು, ಗೇಣಿದಾರನ ರಕ್ಷಣೆಗೆ ಸಂಬಂಧಿಸಿದ್ದು. ಇನ್ನೊಂದು, ಉಪ್ಪುನೀರಿನಿಂದ ಕಾಯಬೇಕಾದ ಖಾರ್‌ಲ್ಯಾಂಡಿನ ಏರಿಗಳಿಗೆ ಸಂಬಂಧಿಸಿದ್ದು. ಒಂದು ನೆಲದ ಒಡೆಯನನ್ನು ಕುರಿತದ್ದು, ಇನ್ನೊಂದು ನೆಲವನ್ನೇ ಕುರಿತದ್ದು. ಮೊದಲಿನದರ ಬೀಜವು 1956ರಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿದ ಬಳಿಕವೂ ಬೆಳೆದು, ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಲ್ಲಿ ಫಲಕೊಟ್ಟಿತು. ಒಕ್ಕಲುಗಳು ಏಳನೆಯ ನಮೂನೆಯ ಅರ್ಜಿಯನ್ನು ತುಂಬಿದರು. ಭೂನ್ಯಾಯಮಂಡಳಿಯ ಮುಂದೆ ನಿಂತರು. ಅನೇಕರ ಹೆಸರು, ವಂಶದಲ್ಲಿಯೇ ಮೊದಲ ಬಾರಿಗೆ, ಇಲ್ಲಿಯವರು ಉತಾರವೆನ್ನುವ ಪಹಣಿಯಲ್ಲಿ ಮೂಡಿತು. ಓದಲು ಬಾರದವರು ಕೂಡ ಆ ಕಾಗದವನ್ನು ದೇವರ ಗೂಡಿನಲ್ಲಿಟ್ಟರೆಂದರೆ ಆಶ್ಚರ್ಯವಿಲ್ಲ.

ಎರಡನೆಯ ವಿಷಯಕ್ಕೆ ಅಂಥ ಅದೃಷ್ಟವಿರಲಿಲ್ಲ. ಗೇಣಿಯ ಕಾಲದಲ್ಲಿ ಒಡೆಯನು ತನ್ನ ಪಾಲಿನ ಆಸೆಯಿಂದಲಾದರೂ ಏರಿಯ ಕಡೆಗೆ ಲಕ್ಷ್ಯ ಕೊಡುತ್ತಿದ್ದನು, ಒಕ್ಕಲನ್ನು ಕೂಗಿ ಮಣ್ಣು ಹೊರಿಸುತ್ತಿದ್ದನು. ಅನ್ಯಾಯದ ಆ ಬಲಾತ್ಕಾರವು ಹೋದದ್ದು ಒಳ್ಳೆಯದೇ ಆಯಿತು. ಆದರೆ ಅದರ ಜಾಗದಲ್ಲಿ ಒಡಂಬಡಿಕೆಯೊಂದು ಹುಟ್ಟಬೇಕಾಗಿತ್ತು. ಸಣ್ಣ ಸಣ್ಣ ತುಂಡುಗಳ ಒಡೆಯರಾದವರು ಏರಿಯು ಸರಕಾರದ್ದೆಂದರು. ಸರಕಾರವು ಸಿಮೆಂಟಿನ ಕಟ್ಟನ್ನು ಕೆಲವೆಡೆ ಕಟ್ಟಿಕೊಟ್ಟಿತಾದರೂ, ಏಡಿಯ ಬಿಲವನ್ನು ಪ್ರತಿ ಹುಣ್ಣಿಮೆಗೆ ನೋಡಲು ಅದರಲ್ಲಿ ಯಾರೂ ಇರಲಿಲ್ಲ. ಅಷ್ಟರಲ್ಲಿ ಶೆಟ್ಲಿಗೆ ಪರದೇಶದ ಬೆಲೆ ಬಂದಿತು. ಗಜನಿಯ ನೀರನ್ನು ಹರಾಜಿನಲ್ಲಿ ಹಿಡಿದವನಿಗೆ ಉಪ್ಪುನೀರು ಹೆಚ್ಚು ತಿಂಗಳು ಒಳಗೆ ನಿಂತಷ್ಟೂ ಲಾಭ. ಕಗ್ಗ ಬಿತ್ತುವವನಿಗೆ ಅದು ಬೇಗ ಹೊರಗೆ ಹೋದಷ್ಟೂ ಲಾಭ. ಜಂತ್ರಡಿಯ ಬಾಗಿಲನ್ನು ಯಾವಾಗ ಮುಚ್ಚಬೇಕೆಂಬ ಒಂದು ಪ್ರಶ್ನೆಯ ಮೇಲೆ ಹಳೆಯ ಸ್ನೇಹಗಳು ಮುರಿದವು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿಯ ಸಿಗಡಿ ಕೃಷಿಗೆ ಕಡಿವಾಣ ಹಾಕಿ, ಸಾಂಪ್ರದಾಯಿಕ ಪದ್ಧತಿಗೆ ಮಾತ್ರ ಎಡೆಯಿಟ್ಟಿತು. ಆ ವೇಳೆಗೆ ಎಷ್ಟೋ ಗದ್ದೆಗಳಲ್ಲಿ ಕಗ್ಗದ ಬೀಜವೇ ಉಳಿದಿರಲಿಲ್ಲ. ಬಿತ್ತದೆ ಬಿಟ್ಟ ಗಜನಿಗಳಲ್ಲಿ ಈಗ ಕಾಂಡ್ಲ ಗಿಡಗಳು ಕಾಡಾಗಿ ಬೆಳೆದಿವೆ.

ಕಾರವಾರದ ದಿಕ್ಕಿನಲ್ಲಿ ನೆಲದ ಕಥೆ ಬೇರೊಂದು ತಿರುವನ್ನು ಪಡೆಯಿತು. 1986ರಲ್ಲಿ ಶಂಕುಸ್ಥಾಪನೆಯಾಗಿ 2005ರಲ್ಲಿ ಐ.ಎನ್.ಎಸ್. ಕದಂಬವೆಂಬ ಹೆಸರಿನಿಂದ ಸೇವೆಗೆ ಸಂದ ನೌಕಾನೆಲೆಗಾಗಿ, ಅರಗಾ ಮೊದಲ್ಗೊಂಡು ಕಾರವಾರ, ಅಂಕೋಲೆ ಎರಡೂ ತಾಲ್ಲೂಕುಗಳ ಹಲವು ಹಳ್ಳಿಗಳು ಊರುಬಿಟ್ಟವು. ದೇಶದ ರಕ್ಷಣೆಗೆಂದು ನೆಲ ಕೊಟ್ಟವರು ಪರಿಹಾರಕ್ಕಾಗಿ ದಶಕಗಳ ಕಾಲ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿ ಬಂದುದನ್ನು ನೆನೆದಾಗ ಮನಸ್ಸು ಕಲಕುತ್ತದೆ. ಪಹಣಿಯಲ್ಲಿದ್ದ ಗುಂಟೆಗಳಿಗೆ ಬೆಲೆ ಕಟ್ಟಿದರು. ಸುಗ್ಗಿಯ ತಂಡವು ತುರಾಯಿ ಕಟ್ಟಿ ಕುಣಿಯುತ್ತಿದ್ದ ಅಂಗಳಕ್ಕೆ, ಹೊಳೆಯ ಬಾಯಿಯಲ್ಲಿ ಬಲೆಯೊಡ್ಡುವ ರೂಢಿಯ ಹಕ್ಕಿಗೆ ಯಾವ ಲೆಕ್ಕದಲ್ಲಿ ಬೆಲೆ ಕಟ್ಟಬೇಕೆಂಬುದು ಯಾರಿಗೂ ತಿಳಿಯಲಿಲ್ಲ.

ಆದರೂ ಹೊಸ ಭತ್ತದ ಕದಿರನ್ನು ಮನೆಗೆ ತಂದು ಬಾಗಿಲಿಗೆ ಕಟ್ಟುವ ಹಬ್ಬವು ಕೊಪ್ಪಗಳಲ್ಲಿ ನಿಂತಿಲ್ಲ. ಗದ್ದೆಯಿಲ್ಲದವನು ಇದ್ದವನ ಗದ್ದೆಯಿಂದ ನಾಲ್ಕು ತೆನೆಗಳನ್ನು ಕೇಳಿ ಪಡೆಯುತ್ತಾನೆ; ಕೊಡಲಾರೆನೆನ್ನುವ ಪದ್ಧತಿ ಇಲ್ಲ. ಗಂಗಾವಳಿಯ ದಂಡೆಯಲ್ಲಿ ಇನ್ನೂ ಬಿತ್ತನೆಯಾಗುವ ಗಜನಿಗಳಲ್ಲಿ, ಜ್ಯೇಷ್ಠದ ಮೊದಲ ಮಳೆಗಳು ಬೀಳುತ್ತಲೆ, ಇಳಿತದ ಹೊತ್ತನ್ನು ನೋಡಿಕೊಂಡು, ಮನೆಗೊಬ್ಬರಂತೆ ಗುದ್ದಲಿ ಬುಟ್ಟಿಗಳನ್ನು ಹಿಡಿದು ಏರಿಯ ಮೇಲೆ ಸಾಲಾಗಿ ನಡೆದುಹೋಗುವವರನ್ನು ಈಗಲೂ ಕಾಣಬಹುದು.