ಕಾಯಿಲೆಯ ಹೆಸರು ಹೇಳಿಯೇ ನೆನೆಯೋಣ

ಮೈಸೂರಿನ ಬಡಾವಣೆಗಳಲ್ಲಿ ಹರೆಯದ ಹುಡುಗನೊಬ್ಬ ತೀರಿಕೊಂಡರೆ ರಸ್ತೆಯ ತಿರುವಿನಲ್ಲಿ ಶ್ರದ್ಧಾಂಜಲಿ ಫ್ಲೆಕ್ಸ್ ಏಳುತ್ತದೆ: ನಗುಮುಖದ ಫೋಟೊ, ಜನನ, ಮರಣ, ಕೆಳಗೆ ಗೆಳೆಯರ ಬಳಗ. ಅಪಘಾತವೋ ಹೃದಯಾಘಾತವೋ ಆದರೆ ಬಂದವರಿಗೆಲ್ಲ ಹೇಳುತ್ತೇವೆ. ಖಿನ್ನತೆ ಅವನನ್ನು ಕಿತ್ತುಕೊಂಡಿದ್ದರೆ ಮಾತು ‘ಏನೋ ಆಗಿಹೋಯ್ತು’ ಎಂಬಲ್ಲಿಗೇ ನಿಲ್ಲುತ್ತದೆ. ಈ ಮೌನ ಅಗಲಿದವನಿಗೆ ಸಲ್ಲುವ ಗೌರವವಲ್ಲ. ಬೆಂಗಳೂರಿನ ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಸುಮಾರು 20 ವಯಸ್ಕರಲ್ಲಿ ಒಬ್ಬರು ಬದುಕಿನ ಒಂದಲ್ಲ ಒಂದು ಹಂತದಲ್ಲಿ ಖಿನ್ನತೆಗೆ ಒಳಗಾಗುತ್ತಾರೆ. ಖಿನ್ನತೆ ಇದ್ದವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಔಷಧಿಗೂ ಆಪ್ತಸಮಾಲೋಚನೆಗೂ ಬಗ್ಗುವ ಕಾಯಿಲೆಯಿದು. ಆದರೆ ಮನೆಯಲ್ಲಿ ಹೆಸರನ್ನೇ ಎತ್ತದ ಕಾಯಿಲೆಗೆ ಯಾವ ಹುಡುಗ ತಾನೇ ಡಾಕ್ಟರ ಬಳಿ ಹೋದಾನು?

ಮನೆಯ ಮರ್ಯಾದೆ, ತಂಗಿಯ ಮದುವೆ ಎಂಬ ಅಳುಕು ಸುಳ್ಳಲ್ಲ. ಹೇಳಲೇಬೇಕೆಂದು ನೊಂದ ತಾಯ್ತಂದೆಯರನ್ನು ಒತ್ತಾಯಿಸುವ ಹಕ್ಕು ಯಾರಿಗೂ ಇಲ್ಲ. ಬದಲಾಗಬೇಕಾದವರು ಕೇಳಿಸಿಕೊಳ್ಳುವ ನಾವು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ, ಆರೈಕೆ ಕೊಡುವುದು ಸರ್ಕಾರದ ಹೊಣೆ ಎನ್ನುತ್ತದೆ. ಸಾವಿನ ಕಾರಣವನ್ನು ಬಾಯಿಬಿಟ್ಟು ಹೇಳುವುದು ಇನ್ನೊಬ್ಬರನ್ನು ಅದೇ ದಾರಿಗೆ ಎಳೆಯದೇ ಎಂಬ ಆತಂಕವೂ ನ್ಯಾಯವಾದದ್ದು. ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುವುದು ಸಾವಿನ ರೀತಿಯನ್ನು ಬಣ್ಣಿಸುವುದರ, ವೈಭವೀಕರಿಸುವುದರ ವಿರುದ್ಧ. ನೆರವಿನ ದಾರಿ ತೋರಿಸಿ ಎಂದೂ ಅದೇ ಹೇಳುತ್ತದೆ. ಹಾಗಾಗಿ ಅವನ ಕ್ರಿಕೆಟ್ಟು, ಹಾಡು, ಸ್ನೇಹವನ್ನೆಲ್ಲ ನೆನೆಯಿರಿ, ಕಾಯಿಲೆ ಇತ್ತೆಂಬುದನ್ನೂ ಹೇಳಿ. ಮುಂದಿನ ಫ್ಲೆಕ್ಸಿನ ಅಂಚಿನಲ್ಲಿ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ ಬರೆಸಿ: 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು.