ಜೈಲಿಗೂ ಮೌನಕ್ಕೂ ನಡುವೆ ಒಂದು ದಾರಿ

ಸೇನೆಯಿಂದ ನಿವೃತ್ತನಾಗಿ ಊರಿಗೆ ಬಂದವನು ನಡುರಾತ್ರಿ ಬೆಚ್ಚಿ ಎದ್ದು ಕೂರುತ್ತಾನೆ. ಮದುವೆ ಮನೆಯ ಪಟಾಕಿ ಸದ್ದಿಗೆ ಮೈಯೆಲ್ಲ ಬೆವರುತ್ತದೆ. ಮಗು ಹಾಲಿನ ಲೋಟ ಚೆಲ್ಲಿದರೂ ಕೈ ಎತ್ತುತ್ತಾನೆ. ಸಂಜೆಯಾದರೆ ಬಾಟಲಿ ಬೇಕು. ಒಂದು ದಿನ ಹೋಟೆಲಿನಲ್ಲಿ ಜಗಳವಾಗಿ ಯಾರದೋ ತಲೆ ಒಡೆಯಿತು. ಇನ್ನೊಂದು ದಿನ ಹೆಂಡತಿಯ ಕೈ ಮುರಿಯಿತು. ಓದುಗ ಸಹೋದರಿಯರೇ, ಇಂಥ ಮನೆಯ ಹೆಣ್ಣುಮಗಳು ಏನು ಮಾಡಬೇಕು?

ಠಾಣೆಗೆ ಹೋದರೆ ಗಂಡ ಜೈಲು ಸೇರಬಹುದು. ಗಂಭೀರ ಅಪರಾಧದಲ್ಲಿ ಶಿಕ್ಷೆಯಾದರೆ ಪಿಂಚಣಿ ತಡೆಹಿಡಿಯುವ ಅವಕಾಶ ಸೇನಾ ಪಿಂಚಣಿ ನಿಯಮಗಳಲ್ಲಿದೆ. ಅಂದರೆ ಮಕ್ಕಳ ಫೀಸಿಗೂ, ಮನೆಯ ರೇಶನ್ನಿಗೂ ಕುತ್ತು. ಸುಮ್ಮನಿದ್ದರೆ ಮುಂದಿನ ಸಲ ಮುರಿಯುವುದು ಕೈ ಮಾತ್ರ ಎಂದು ಹೇಳುವಂತಿಲ್ಲ. ಅತ್ತೆ ಮನೆಯವರು ‘ಮನೆಯ ಮಾತು ಹೊರಗೆ ಹಾಕಬೇಡ’ ಎನ್ನುತ್ತಾರೆ. ತವರಿನವರು ‘ಸಬರ್ ಮಾಡು’ ಎನ್ನುತ್ತಾರೆ. ಆಕೆಗೆ ಬುದ್ಧಿ ಹೇಳುವವರು ಎರಡೂ ಮನೆಗಳಲ್ಲಿದ್ದಾರೆ. ಆತನನ್ನು ವೈದ್ಯರ ಬಳಿ ಕರೆದೊಯ್ಯುವವರು ಒಂದು ಮನೆಯಲ್ಲೂ ಇಲ್ಲ.

ನಮ್ಮ ಮನೆಗಳಲ್ಲಿ ಫೌಜಿಗಳು ಎಷ್ಟು ಮಂದಿ ಇದ್ದಾರೆ ಎಂದು ನೀವು ಕೇಳಬಹುದು. ಕಡಿಮೆ ಇರಬಹುದು. ಆದರೆ ಮುಂದೆ ಹೇಳಲಿರುವ ಕಾನೂನಿನ ಮಾತುಗಳಲ್ಲಿ ಹೆಚ್ಚಿನವು ಫೌಜಿಯ ಹೆಂಡತಿಗೆ ಎಷ್ಟು ಅನ್ವಯಿಸುತ್ತವೋ, ಲಾರಿ ಚಾಲಕನ ಹೆಂಡತಿಗೂ ಕಲ್ಲು ಗಣಿ ಕಾರ್ಮಿಕನ ಹೆಂಡತಿಗೂ ಅಷ್ಟೇ ಅನ್ವಯಿಸುತ್ತವೆ.

ಮೊದಲು ಕಾಯಿಲೆಯ ಮಾತು. ಯುದ್ಧ ಮುಗಿದ ಮೇಲೂ ಸೈನಿಕನ ಮನಸ್ಸಿನೊಳಗೆ ಯುದ್ಧ ನಡೆಯುತ್ತಲೇ ಇರುತ್ತದೆ ಎಂಬುದು ಹೊಸ ಸಂಗತಿಯಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಇದನ್ನು ‘ಶೆಲ್ ಶಾಕ್’ ಎಂದರು. ಅನೇಕರು ಹೇಡಿತನ ಎಂದೂ ಕರೆದರು. ವಿಯೆಟ್ನಾಂ ಯುದ್ಧದ ನಂತರ, 1980ರಲ್ಲಿ, ಅಮೆರಿಕದ ಮನೋವೈದ್ಯರ ಸಂಘವು ತನ್ನ ಕೈಪಿಡಿಯಲ್ಲಿ ಇದಕ್ಕೆ ಆಘಾತೋತ್ತರ ಒತ್ತಡದ ಕಾಯಿಲೆ ಎಂಬ ಸ್ಥಾನ ಕೊಟ್ಟಿತು. ಕಂಡದ್ದು ಮತ್ತೆ ಮತ್ತೆ ಕಣ್ಣಮುಂದೆ ಬರುವುದು, ನಿದ್ದೆ ಇಲ್ಲದಿರುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಸಿಟ್ಟು, ಯಾರೂ ಬೇಡ ಎನಿಸುವುದು ಇದರ ಲಕ್ಷಣಗಳು. ಇದನ್ನು ಮರೆಯಲು ಕುಡಿತ ಹಿಡಿಯುವವರು ಬಹಳ. ನಮ್ಮಲ್ಲಿ ಮಾಜಿ ಸೈನಿಕರಿಗೆ ಸೇನಾ ಕ್ಯಾಂಟೀನಿನಿಂದ ಕಡಿಮೆ ದರದಲ್ಲಿ ಮದ್ಯ ಸಿಗುತ್ತದೆ. ಗೌರವದ ಸವಲತ್ತೆಂದು ಕೊಡುವ ಆ ಬಾಟಲಿ ಕೆಲವು ಮನೆಗಳಲ್ಲಿ ಏನು ಮಾಡುತ್ತದೆ ಎಂದು ಕೊಡುವವರು ಯಾರೂ ಬಂದು ನೋಡುವುದಿಲ್ಲ. ಎಲ್ಲ ಸೈನಿಕರಿಗೂ ಈ ಕಾಯಿಲೆ ಬರುತ್ತದೆ ಎಂದಲ್ಲ. ಕಾಯಿಲೆ ಇದ್ದವರೆಲ್ಲ ಹೊಡೆಯುತ್ತಾರೆ ಎಂದೂ ಅಲ್ಲ.

ಈಗ ದೂರದ ಒಂದು ಊರಿನ ಕೋರ್ಟಿನ ವಿಷಯ ಕೇಳಿ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿ ರಾಬರ್ಟ್ ರಸೆಲ್ ಎಂಬ ನ್ಯಾಯಾಧೀಶರಿದ್ದರು. ಮಾದಕ ವ್ಯಸನಿಗಳನ್ನು ಜೈಲಿಗೆ ಹಾಕುವ ಬದಲು ಕೋರ್ಟಿನ ಕಣ್ಗಾವಲಿನಲ್ಲಿ ಚಿಕಿತ್ಸೆಗೆ ಒಳಪಡಿಸುವ ನ್ಯಾಯಾಲಯ 1989ರಲ್ಲಿ ಮಯಾಮಿಯಲ್ಲಿ ಆರಂಭವಾಗಿತ್ತು. ಬಫಲೋದಲ್ಲಿ ಅಂಥದ್ದೇ ನ್ಯಾಯಾಲಯ ನಡೆಸುತ್ತಿದ್ದವರು ಈ ರಸೆಲ್. ಅವರ ಮುಂದೆ ವಿಯೆಟ್ನಾಂ ಯುದ್ಧದಲ್ಲಿದ್ದ ಒಬ್ಬ ಬಂದು ನಿಲ್ಲುತ್ತಿದ್ದ. ಕೇಳಿದ್ದಕ್ಕೆ ಉತ್ತರವಿಲ್ಲ, ತಲೆ ಎತ್ತುವುದಿಲ್ಲ, ಚಿಕಿತ್ಸೆಯೂ ನಾಟುತ್ತಿಲ್ಲ. ಕೋರ್ಟಿನ ಕೆಲಸದಲ್ಲಿದ್ದ ಇಬ್ಬರು ಮಾಜಿ ಸೈನಿಕರು ಆತನನ್ನು ಹೊರಗಿನ ಹಜಾರಕ್ಕೆ ಕರೆದೊಯ್ದು ಸ್ವಲ್ಪ ಹೊತ್ತು ಮಾತಾಡಿದರು. ಮರಳಿ ಬಂದಾಗ ಆತ ಸೈನಿಕನಂತೆ ನೆಟ್ಟಗೆ ನಿಂತಿದ್ದ. ಇನ್ನು ಮುಂದೆ ಪ್ರಯತ್ನಿಸುತ್ತೇನೆ ಎಂದು ನ್ಯಾಯಾಧೀಶರ ಮುಖ ನೋಡಿ ಹೇಳಿದ. ಇದನ್ನು ಕಂಡು ರಸೆಲ್ 2008ರ ಜನವರಿಯಲ್ಲಿ ಮಾಜಿ ಸೈನಿಕರಿಗೆಂದೇ ಒಂದು ಚಿಕಿತ್ಸಾ ನ್ಯಾಯಾಲಯ ತೆರೆದರು. ಇರಾಕ್, ಅಫ್ಘಾನಿಸ್ತಾನಗಳಿಂದ ಮರಳಿದವರು ಪ್ರಕರಣಗಳಲ್ಲಿ ಸಿಕ್ಕಿಕೊಳ್ಳುತ್ತಿದ್ದ ಕಾಲ ಅದು. ಇಂದು ಅಮೆರಿಕದಲ್ಲಿ ಇಂಥ ನೂರಾರು ನ್ಯಾಯಾಲಯಗಳಿವೆ.

ಅಲ್ಲಿ ನಡೆಯುವುದು ಇಷ್ಟು. ಆರೋಪಿ ತಾನಾಗಿ ಒಪ್ಪಿದರೆ ಮಾತ್ರ ಈ ಕೋರ್ಟಿಗೆ ಬರುತ್ತಾನೆ. ಸರಕಾರದ ಮಾಜಿ ಸೈನಿಕರ ಇಲಾಖೆಯ ಪ್ರತಿನಿಧಿ ಕೋರ್ಟಿನಲ್ಲೇ ಕುಳಿತಿದ್ದು ಚಿಕಿತ್ಸೆಗೆ ಅಲ್ಲಿಯೇ ಏರ್ಪಾಡು ಮಾಡುತ್ತಾರೆ. ಕೆಲವು ವಾರಗಳಿಗೊಮ್ಮೆ ಅದೇ ನ್ಯಾಯಾಧೀಶರ ಮುಂದೆ ಹಾಜರಾಗಬೇಕು. ಕುಡಿತ, ಮಾದಕ ವಸ್ತುಗಳ ಪರೀಕ್ಷೆಗೆ ಆಗಾಗ ಒಳಪಡಬೇಕು. ಪ್ರತಿಯೊಬ್ಬನ ಜೊತೆ ಸ್ವಯಂಸೇವಕನಾದ ಒಬ್ಬ ಮಾಜಿ ಸೈನಿಕನಿರುತ್ತಾನೆ. ಆತ ವಕೀಲನಲ್ಲ, ವೈದ್ಯನಲ್ಲ. ಅದೇ ದಾರಿ ತುಳಿದು ಬಂದವನು. ತಪ್ಪಿದರೆ ಒಂದೆರಡು ದಿನ ಲಾಕಪ್ಪೂ ಉಂಟು. ಒಂದು, ಒಂದೂವರೆ ವರ್ಷ ಸರಿಯಾಗಿ ನಡೆದುಕೊಂಡರೆ ಆರೋಪ ಕೈಬಿಡುವುದೋ ಇಳಿಸುವುದೋ ಆಗುತ್ತದೆ. ನನ್ನ ದೃಷ್ಟಿಯಲ್ಲಿ ಇದು ಸಡಿಲ ಬಿಟ್ಟಂತಲ್ಲ. ಆರು ತಿಂಗಳು ಜೈಲಿನಲ್ಲಿ ಕೂತು ಬರುವುದಕ್ಕಿಂತ ಒಂದೂವರೆ ವರ್ಷ ದಿನಾ ಲೆಕ್ಕ ಕೊಡುವುದು ಕಷ್ಟ.

ಆಕ್ಷೇಪಗಳೂ ಇವೆ. ಸಮವಸ್ತ್ರ ತೊಟ್ಟವನಿಗೆ ಒಂದು ನ್ಯಾಯ, ತೊಡದವನಿಗೆ ಇನ್ನೊಂದು ಏಕೆ ಎಂದು ಅಲ್ಲಿನ ನಾಗರಿಕ ಹಕ್ಕುಗಳ ಸಂಘಟನೆಯವರು ಕೇಳಿದ್ದರು. ಹೆಂಡತಿಗೆ ಹೊಡೆದವನನ್ನು ಈ ಕೋರ್ಟಿಗೆ ಸೇರಿಸಬೇಕೇ ಬೇಡವೇ ಎಂಬ ಪ್ರಶ್ನೆಗೆ ಎಲ್ಲ ಕಡೆ ಒಂದೇ ಉತ್ತರವಿಲ್ಲ. ಕೆಲವು ನ್ಯಾಯಾಲಯಗಳು ಹಿಂಸೆಯ ಪ್ರಕರಣಗಳನ್ನು ತೆಗೆದುಕೊಳ್ಳುವುದೇ ಇಲ್ಲ. ನಮಗೆ ಮುಖ್ಯವಾದ ಪ್ರಶ್ನೆ ಇದೇ. 2009ರ ನವೆಂಬರ್ 30ರಂದು ಅಮೆರಿಕದ ಸುಪ್ರೀಂ ಕೋರ್ಟ್ ಜಾರ್ಜ್ ಪೋರ್ಟರ್ ಎಂಬ ಕೊರಿಯಾ ಯುದ್ಧದ ಸೈನಿಕನ ಮರಣದಂಡನೆಯನ್ನು ತಡೆಯಿತು. ಆತ ಯುದ್ಧದಲ್ಲಿ ಅನುಭವಿಸಿದ್ದನ್ನು ಅವನ ವಕೀಲ ಜ್ಯೂರಿಯ ಮುಂದೆ ಹೇಳಿರಲೇ ಇಲ್ಲ ಎಂಬುದು ಕಾರಣ. ಆ ತೀರ್ಪು ನ್ಯಾಯವಾದದ್ದೇ. ಆದರೆ ಆತ ಕೊಂದವರಲ್ಲಿ ಒಬ್ಬಳು ಅವನ ಹಿಂದಿನ ಗೆಳತಿ ಎಂಬುದನ್ನೂ ಓದುವಾಗ ನಾವು ಮರೆಯಬಾರದು. ಮೊದಲ ಪೆಟ್ಟು ಬಿದ್ದಾಗಲೇ ಚಿಕಿತ್ಸೆ ಆಗಬೇಕು, ಕೊನೆಯ ಪೆಟ್ಟಿನ ನಂತರ ಕರುಣೆ ತೋರಿಸಿ ಏನು ಬಂತು?

ಇನ್ನು ನಮ್ಮ ಕಡೆಗೆ ಬರೋಣ. ಭಾರತದಲ್ಲಿ ಮಾಜಿ ಸೈನಿಕರಿಗೆಂದು ಇಂಥ ಚಿಕಿತ್ಸಾ ನ್ಯಾಯಾಲಯ ಇಲ್ಲ. 2007ರ ಕಾಯ್ದೆಯಡಿ 2009ರಲ್ಲಿ ಕೆಲಸ ಆರಂಭಿಸಿದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯನ್ನು ಕೆಲವರು ಅದೆಂದು ತಿಳಿಯುತ್ತಾರೆ. ಅದು ಪಿಂಚಣಿ, ಬಡ್ತಿ, ಸೇನೆಯೊಳಗಿನ ಶಿಕ್ಷೆಯಂಥ ವಿಷಯಗಳಿಗೆ. ಆಳಂದದಲ್ಲಿ ನಿವೃತ್ತ ಸೈನಿಕನೊಬ್ಬ ನೆರೆಯವನಿಗೆ ಹೊಡೆದರೆ ಅವನ ಪ್ರಕರಣ ಆಳಂದದ ಕೋರ್ಟಿಗೇ ಹೋಗುತ್ತದೆ. ಅಫಜಲಪುರದಲ್ಲೂ ಜೇವರ್ಗಿಯಲ್ಲೂ ಅಷ್ಟೇ. ದನ ಹೊಲಕ್ಕೆ ನುಗ್ಗಿದ ಜಗಳ, ಬದುವಿನ ಜಗಳಗಳ ನಡುವೆ ಅವನ ಫೈಲೂ ಒಂದು. ಅವನು ಸಿಯಾಚಿನ್‌ನಲ್ಲಿದ್ದನೇ, ಕಾಶ್ಮೀರದಲ್ಲಿದ್ದನೇ ಎಂದು ಯಾರೂ ಕೇಳುವುದಿಲ್ಲ, ಅವನೂ ಹೇಳುವುದಿಲ್ಲ.

ಆದರೆ ಇಂಥ ಕೋರ್ಟನ್ನು ಕಟ್ಟಲು ಬೇಕಾದ ಇಟ್ಟಿಗೆಗಳು ನಮ್ಮ ಕಾನೂನಿನಲ್ಲಿ ಬಿಡಿಬಿಡಿಯಾಗಿ ಬಿದ್ದಿವೆ. ಹಳೆಯದು 1958ರ ಪ್ರೊಬೇಷನ್ ಕಾಯ್ದೆ. ಮರಣದಂಡನೆ ಅಥವಾ ಜೀವಾವಧಿಯ ಶಿಕ್ಷೆ ಇಲ್ಲದ ಅಪರಾಧವಾದರೆ, ತಪ್ಪು ಸಾಬೀತಾದ ಮೇಲೂ ನ್ಯಾಯಾಧೀಶರು ಜೈಲಿಗೆ ಕಳಿಸದೆ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. ಇದು ಅದರ 4ನೇ ಕಲಂ. ಅವಧಿ ಗರಿಷ್ಠ 3 ವರ್ಷ. ಆ ಅವಧಿಯಲ್ಲಿ ಪ್ರೊಬೇಷನ್ ಅಧಿಕಾರಿಯ ಮೇಲ್ವಿಚಾರಣೆ ಇರಬೇಕೆಂದೂ, ಮದ್ಯ ಮುಟ್ಟಬಾರದೆಂದೂ ಷರತ್ತು ಹಾಕಬಹುದು. ಇಂಥ ಕಡೆ ವಾಸಿಸಬೇಕೆಂದು ಹೇಳಬಹುದು. 5ನೇ ಕಲಂ ಪ್ರಕಾರ ಪೆಟ್ಟು ತಿಂದವರಿಗೆ ಪರಿಹಾರ ಕೊಡಿಸಲೂಬಹುದು. ಷರತ್ತು ಮುರಿದರೆ ಮೂಲ ಅಪರಾಧಕ್ಕೆ ಶಿಕ್ಷೆ ಕಾದೇ ಇರುತ್ತದೆ. ಬಫಲೋದಲ್ಲಿ ಮಾಡಿದ್ದರಲ್ಲಿ ಅರ್ಧ ಇದರಲ್ಲೇ ಇದೆ ಅಲ್ಲವೇ? ಇಲ್ಲದಿರುವುದು ಕೋರ್ಟಿನಲ್ಲಿ ಕೂತ ಆಸ್ಪತ್ರೆಯ ಪ್ರತಿನಿಧಿ ಮತ್ತು ಜೊತೆಗೆ ನಿಲ್ಲುವ ಹಳೆಯ ಸೈನಿಕ. ಇದನ್ನು ಕೇಳುವ ವಕೀಲರೂ ಕಡಿಮೆ. ಕೇಳದಿದ್ದರೆ ನ್ಯಾಯಾಧೀಶರ ಗಮನಕ್ಕೆ ಬಾರದೆಯೂ ಹೋಗಬಹುದು.

ಮನೆಯೊಳಗಿನ ಹಿಂಸೆಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಇದರ 14ನೇ ಕಲಂ ಪ್ರಕಾರ ಮ್ಯಾಜಿಸ್ಟ್ರೇಟರು ಕೌನ್ಸೆಲಿಂಗಿಗೆ ಆದೇಶಿಸಬಹುದು. ಎರಡು ತಿಂಗಳೊಳಗೆ ಮುಂದಿನ ವಿಚಾರಣೆ ಇಡಬೇಕು. ಕೌನ್ಸೆಲಿಂಗ್ ಎಂದರೆ ‘ಹೊಂದಿಕೊಂಡು ಹೋಗಮ್ಮಾ’ ಎಂದು ಹೇಳಿಸಿಕೊಳ್ಳುವುದು ಎಂದು ನಮ್ಮ ಅನೇಕ ಹೆಣ್ಣುಮಕ್ಕಳು ಹೆದರುತ್ತಾರೆ. ಹೆದರಿಕೆ ಸುಳ್ಳಲ್ಲ. ಆದರೆ ಕಾಯ್ದೆಯ ನಿಯಮಗಳು ಏನು ಹೇಳುತ್ತವೆ ಗೊತ್ತೇ? ಹೊಡೆದವನು ತಾನು ಹೊಡೆದದ್ದಕ್ಕೆ ಸಮರ್ಥನೆ ಕೊಡಲು ಅಲ್ಲಿ ಅವಕಾಶವೇ ಇಲ್ಲ. ಈ ಮಾತನ್ನು ಆರಂಭಕ್ಕೆ ಮೊದಲೇ ಅವನಿಗೆ ತಿಳಿಸಬೇಕು. ಇನ್ನು ಹೊಡೆಯುವುದಿಲ್ಲ ಎಂದು ಬರೆಸಿಕೊಳ್ಳಬೇಕು. ಇಬ್ಬರಲ್ಲಿ ಯಾರ ಸಂಬಂಧಿಕರೂ ಸಾಮಾನ್ಯವಾಗಿ ಕೌನ್ಸೆಲರ್ ಆಗುವಂತಿಲ್ಲ. ಮಾವ, ಮೈದುನರು ಸೇರಿ ಮಾಡುವ ಪಂಚಾಯಿತಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಕೌನ್ಸೆಲಿಂಗಿಗೆ ಆದೇಶವಾಯಿತೆಂದು ರಕ್ಷಣಾ ಆದೇಶ, ಮನೆಯಲ್ಲಿ ವಾಸಿಸುವ ಹಕ್ಕು, ಜೀವನಾಂಶ ಕೇಳುವುದನ್ನು ಬಿಡಬೇಕಾಗಿಲ್ಲ. ಕರ್ನಾಟಕದಲ್ಲಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಈ ಕಾಯ್ದೆಯ ಸಂರಕ್ಷಣಾಧಿಕಾರಿ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಆ ಕಚೇರಿ ಎಲ್ಲಿದೆ ಎಂದು ಹೇಳುತ್ತಾರೆ.

ಮಾದಕ ವಸ್ತು ಸೇವಿಸಿ ಸಿಕ್ಕಿಬಿದ್ದ ವ್ಯಸನಿಯನ್ನು ಜೈಲಿನ ಬದಲು ಚಿಕಿತ್ಸೆಗೆ ಕಳಿಸುವ ಅವಕಾಶ 1985ರ ಮಾದಕ ವಸ್ತುಗಳ ಕಾಯ್ದೆಯ 39ನೇ ಕಲಮಿನಲ್ಲಿದೆ. ಮಾರಾಟಗಾರನಿಗೆ ಅದು ಅನ್ವಯಿಸದು.

ದಾರಿ ಇದೆ ಎಂದ ಮಾತ್ರಕ್ಕೆ ನಡೆಯುವುದು ಸುಲಭವಲ್ಲ. ಆಳಂದದಿಂದಲೂ ಜೇವರ್ಗಿಯಿಂದಲೂ ಕಲಬುರಗಿಗೆ 40 ಕಿಲೋಮೀಟರಿನ ಆಸುಪಾಸು. ಅಫಜಲಪುರ ಇನ್ನೂ ದೂರ. ಮನೋವೈದ್ಯರನ್ನು ಕಾಣಲು ಒಂದು ದಿನದ ಕೂಲಿ ಹೋಗುತ್ತದೆ, ಬಸ್ ಖರ್ಚು ಬೇರೆ. ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕಳಿಸುವ ‘ಮನೋಚೈತನ್ಯ’ ಎಂಬ ಕಾರ್ಯಕ್ರಮವನ್ನು ರಾಜ್ಯ ಸರಕಾರ ಆರಂಭಿಸಿದೆ. ನಿಮ್ಮ ಆಸ್ಪತ್ರೆಗೆ ಬರುವ ದಿನ ಯಾವುದೆಂದು ವಿಚಾರಿಸಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಮನೆಯಿಂದಲೇ ಫೋನ್ ಮಾಡಬಹುದು. ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಪಿಂಚಣಿ ಪಡೆಯುವ ಮಾಜಿ ಸೈನಿಕರಿಗೂ ಹೆಂಡತಿ ಮಕ್ಕಳಿಗೂ 2003ರಿಂದ ಇರುವ ಇಸಿಎಚ್‌ಎಸ್ ಆರೋಗ್ಯ ಯೋಜನೆಯಲ್ಲಿ ಮನೋರೋಗದ ಚಿಕಿತ್ಸೆಯೂ ಸೇರಿದೆ. ಸಕ್ಕರೆ ಕಾಯಿಲೆಗೆ, ಮೊಣಕಾಲು ನೋವಿಗೆ ಆ ಕಾರ್ಡ್ ತೆಗೆಯುವವರು ನಿದ್ದೆ ಬಾರದ್ದಕ್ಕೆ ತೆಗೆಯುವುದಿಲ್ಲ.

ವಕೀಲರ ಖರ್ಚಿನ ಚಿಂತೆಯೇ? 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಆದಾಯ ಎಷ್ಟೇ ಇರಲಿ, ಮಹಿಳೆಗೆ ಉಚಿತ ವಕೀಲರು ಸಿಗುತ್ತಾರೆ. ಬಂಧನದಲ್ಲಿರುವವನಿಗೂ ಮಾನಸಿಕ ಕಾಯಿಲೆ ಇರುವವನಿಗೂ ಸಿಗುತ್ತಾರೆ. ಅಂದರೆ ಗಂಡ ಹೆಂಡತಿ ಇಬ್ಬರಿಗೂ ಬೇರೆ ಬೇರೆ ವಕೀಲರು. ಒಬ್ಬರೇ ಇಬ್ಬರ ಪರವಾಗಿ ಮಾತಾಡಲು ಬಂದರೆ ಬೇಡ ಎನ್ನಿ. ತಾಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ, ಸಹಾಯವಾಣಿ 15100. 2025ರ ಜುಲೈ 26ರಂದು, ಕಾರ್ಗಿಲ್ ವಿಜಯ ದಿನದಂದು, ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರವು ‘ವೀರ ಪರಿವಾರ ಸಹಾಯತಾ ಯೋಜನೆ’ಗೆ ಶ್ರೀನಗರದಲ್ಲಿ ಚಾಲನೆ ಕೊಟ್ಟಿತು. ಸೈನಿಕರು, ಮಾಜಿ ಸೈನಿಕರು ಮತ್ತು ಅವರ ಕುಟುಂಬಗಳಿಗೆ ಸೈನಿಕ ಮಂಡಳಿಗಳಲ್ಲೇ ಕಾನೂನು ನೆರವು ಕೊಡುವ ಯೋಜನೆ ಇದು. ಕುಟುಂಬ ಎಂದರೆ ಹೆಂಡತಿಯೂ ಸೇರಿದಳು, ಗಂಡನ ಮೇಲೆ ದೂರು ಕೊಟ್ಟ ಹೆಂಡತಿಯೂ ಸೇರಿದಳು ಎಂದೇ ನಾವು ಓದಿಕೊಳ್ಳಬೇಕು.

ಕೊನೆಗೆ ಕಾಗದಗಳ ಮಾತು. ಕೋರ್ಟಿನಲ್ಲಿ ಕಣ್ಣೀರಿಗಿಂತ ಕಾಗದಕ್ಕೆ ಬೆಲೆ ಹೆಚ್ಚು. ಪೆಟ್ಟು ಬಿದ್ದ ದಿನವೇ ಸರಕಾರಿ ಆಸ್ಪತ್ರೆಗೆ ಹೋಗಿ, ‘ಬಚ್ಚಲಲ್ಲಿ ಜಾರಿ ಬಿದ್ದೆ’ ಎನ್ನದೆ ನಡೆದದ್ದನ್ನೇ ಬರೆಸಿ. ಆತನ ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶ, ಸೇನೆಯಿಂದ ಬಿಡುವಾಗ ವೈದ್ಯಕೀಯ ಮಂಡಳಿ ಕೊಟ್ಟ ವರದಿ ಟ್ರಂಕಿನ ತಳದಲ್ಲಿ ಇದ್ದೇ ಇರುತ್ತವೆ. ತೆಗೆದು ಎರಡೆರಡು ಜೆರಾಕ್ಸ್ ಮಾಡಿಸಿ, ಒಂದು ಪ್ರತಿ ತವರಿನಲ್ಲಿಡಿ. ಸೇನೆಯಲ್ಲಿದ್ದಾಗಲೇ ಮನೋರೋಗ ವಿಭಾಗದಲ್ಲಿ ತೋರಿಸಿದ್ದರೆ ಆ ಚೀಟಿಗಳನ್ನೂ ಸೇರಿಸಿ. ಪ್ರೊಬೇಷನ್ ಅಧಿಕಾರಿ ವರದಿಗಾಗಿ ಮನೆಗೆ ಬಂದಾಗ ಆತ ಯಾವಾಗಿಂದ ಕುಡಿಯುತ್ತಿದ್ದಾನೆ, ನಿದ್ದೆ ಕೆಟ್ಟದ್ದು ಯಾವಾಗ, ಮೊದಲ ಪೆಟ್ಟು ಬಿದ್ದದ್ದು ಯಾವಾಗ ಎಂದು ಕೇಳುತ್ತಾರೆ. ಉತ್ತರವನ್ನು ನೀವೇ ಹೇಳಿ, ಅತ್ತೆಯವರಿಂದ ಹೇಳಿಸಬೇಡಿ.