ಹಳೆಯ ಮೋಟಾರು ದೋಣಿಯ ದುರಸ್ತಿ: ಹೊಳಪು ನಂಬಿ ಕೆಡಬೇಡಿ

ಅಮೆರಿಕದ ಮಿನಸೋಟ, ಮಿಷಿಗನ್‌ನಂಥ ಸರೋವರಗಳ ಸೀಮೆಯಲ್ಲಿ ಬೇಸಿಗೆ ಕಾಲಿಟ್ಟರೆ ಸಾಕು, ಮನೆಗಳ ಮುಂದೆ ಟ್ರೇಲರ್ ಸಮೇತ ನಿಂತ ಹಳೆಯ ದೋಣಿಗಳು ಮಾರಾಟಕ್ಕೆ ಬರುತ್ತವೆ. ಹೆಚ್ಚಿನವು 1960ರಿಂದ 80ರ ದಶಕಗಳಲ್ಲಿ ತಯಾರಾದ, ಹದಿನಾರರಿಂದ ಇಪ್ಪತ್ತು ಅಡಿ ಉದ್ದದ ಫೈಬರ್‌ಗ್ಲಾಸ್ ದೋಣಿಗಳು. ಬೆಲೆ ಕಡಿಮೆ, ಆಕಾರ ಚೆಂದ. ರಜೆಯ ದಿನಗಳಲ್ಲಿ ತಾವೇ ದುರಸ್ತಿ ಮಾಡಿ ನೀರಿಗಿಳಿಸೋಣ ಎಂಬ ಆಸೆ ಅಲ್ಲಿ ನೆಲೆಸಿದ ಕನ್ನಡದ ಕುಟುಂಬಗಳಿಗೂ ಹುಟ್ಟುವುದು ಸಹಜ.

ಆ ಆಸೆ ಈಡೇರುವಂಥದ್ದೇ. ಇಲ್ಲಿನ ಬಹುಪಾಲು ಕೆಲಸವನ್ನು ತಾಳ್ಮೆಯಿರುವ ಯಾರಾದರೂ ಕಲಿಯಬಹುದು. ಕೆಲಸ ಕೆಡುವುದು ಕೆಲವು ಗಟ್ಟಿ ನಂಬಿಕೆಗಳಿಂದ. ಅವುಗಳಲ್ಲಿ ಕೆಲವು ಹಣ ತಿನ್ನುತ್ತವೆ, ಕೆಲವು ಪ್ರಾಣಕ್ಕೇ ಎರವಾಗುತ್ತವೆ. ಹಾಗಾಗಿ ಒಂದೊಂದನ್ನೂ ಬಿಡಿಸಿ ನೋಡಬೇಕು.

ತಪ್ಪು ಕಲ್ಪನೆ: ಫೈಬರ್‌ಗ್ಲಾಸ್ ದೋಣಿ ಕೊಳೆಯುವುದಿಲ್ಲ.

ಸತ್ಯ: ಗಾಜಿನ ನಾರು ಮತ್ತು ಪಾಲಿಯೆಸ್ಟರ್ ರೆಸಿನ್ ಸೇರಿದ ಹೊರಕವಚ ಕೊಳೆಯದು ನಿಜ. ಆದರೆ ಆ ಕಾಲದ ಬಹುತೇಕ ದೋಣಿಗಳ ಬಲವೆಲ್ಲ ಕವಚದೊಳಗೆ ಮುಚ್ಚಿದ ಮರದಲ್ಲಿದೆ. ಔಟ್‌ಬೋರ್ಡ್ ಎಂಜಿನ್ ನೇತುಹಾಕುವ ಹಿಂಬದಿಯ ಗೋಡೆಯನ್ನು ಟ್ರಾನ್ಸಮ್ ಎನ್ನುತ್ತಾರೆ. ಅದು ಎರಡು ಫೈಬರ್ ಪದರಗಳ ನಡುವೆ ಕೂತ ಪ್ಲೈವುಡ್. ತಳದ ಉದ್ದಕ್ಕೂ ಸಾಗುವ ಸ್ಟ್ರಿಂಗರ್ ಎಂಬ ತೊಲೆಗಳು ಮರದವು. ಕಾಲಿಡುವ ನೆಲವೂ ಪ್ಲೈವುಡ್ಡೇ. ಏಣಿಯ ಬೋಲ್ಟು, ಆಳ ಅಳೆಯುವ ಯಂತ್ರದ ಸ್ಕ್ರೂ, ನೀರು ಹೊರಬಿಡುವ ತೂತಿನ ಅಂಚು ಹೀಗೆ ಸೀಲಂಟ್ ಸತ್ತ ಪ್ರತಿಯೊಂದು ಕಡೆಯಿಂದಲೂ ನೀರು ಒಳಗಿಳಿಯುತ್ತದೆ, ಹೊರಬರಲು ದಾರಿ ಸಿಗುವುದಿಲ್ಲ. ಹೊರಮೈ ಪಾಲಿಶ್ ಹೊಳೆಯುತ್ತಿರುವಾಗಲೇ ಒಳಗಿನ ಪ್ಲೈ ಕಪ್ಪು ಹಿಟ್ಟಾಗಿರಬಹುದು.

ಕೊಳ್ಳುವ ಮೊದಲೇ ಇದನ್ನು ಕಂಡುಹಿಡಿಯಬಹುದು. ಪ್ಲಾಸ್ಟಿಕ್ ಸುತ್ತಿಗೆಯಿಂದ ಟ್ರಾನ್ಸಮ್ ಮತ್ತು ನೆಲವನ್ನು ಸಾಲಾಗಿ ತಟ್ಟುತ್ತ ಹೋಗಿ. ಗಟ್ಟಿ ಮರ ಠಣ್ಣನೆ ಓಗೊಡುತ್ತದೆ, ಕೊಳೆತದ್ದು ಮಂದವಾಗಿ ಸದ್ದು ಮಾಡುತ್ತದೆ. ಔಟ್‌ಬೋರ್ಡನ್ನು ಹಿಡಿದು ಮೇಲಕ್ಕೂ ಕೆಳಕ್ಕೂ ಒತ್ತಿ. ಟ್ರಾನ್ಸಮ್ ಕಣ್ಣಿಗೆ ಕಾಣುವಷ್ಟು ಬಾಗಿದರೆ ಅದರ ಕಾಲ ಮುಗಿದಿದೆ. ಮಾಲೀಕರು ಒಪ್ಪಿದರೆ ಒಳಬದಿಯಲ್ಲಿ, ತಳದ ಹತ್ತಿರ, ಡ್ರಿಲ್‌ನಿಂದ ಸಣ್ಣ ತೂತು ಕೊರೆದು ನೋಡುವುದೇ ಖಚಿತವಾದ ಪರೀಕ್ಷೆ. ಒಣಗಿದ, ತಿಳಿಬಣ್ಣದ ಹೊಟ್ಟು ಬಂದರೆ ಸಂತೋಷ. ಒದ್ದೆಯಾದ ಕಪ್ಪು ಪುಡಿ ಬಂದರೆ ಎಷ್ಟು ಕೆಲಸ ಕಾದಿದೆ ಎಂಬುದು ಅಲ್ಲೇ ತಿಳಿಯಿತು. ಆ ತೂತನ್ನು ಎಪಾಕ್ಸಿಯಿಂದ ಮುಚ್ಚಿದರಾಯಿತು.

ತಪ್ಪು ಕಲ್ಪನೆ: ನೀರಿನಲ್ಲಿದ್ದರೆ ಹಾಳಾಗುತ್ತದೆ, ಅಂಗಳದಲ್ಲಿದ್ದರೆ ಕ್ಷೇಮ.

ಸತ್ಯ: ದೋಣಿಗೆ ಕೆಳಗಿನ ನೀರಿಗಿಂತ ಮೇಲಿನ ನೀರು ದೊಡ್ಡ ಶತ್ರು. ಮರ ಕೊಳೆಸುವ ಶಿಲೀಂಧ್ರಕ್ಕೆ ತೇವದ ಜೊತೆಗೆ ಗಾಳಿಯೂ ಬೇಕು. ಮರದಲ್ಲಿನ ತೇವಾಂಶ ಶೇ. 20ಕ್ಕಿಂತ ಕಡಿಮೆ ಇದ್ದರೆ ಅದು ಬೆಳೆಯುವುದಿಲ್ಲ. ಉಪ್ಪುನೀರಿನಲ್ಲಿ ಅದರ ಆಟ ಅಷ್ಟಾಗಿ ನಡೆಯುವುದಿಲ್ಲ. ಹಿಂದಿನ ಕಾಲದ ಅಮೆರಿಕನ್ ಹಡಗು ಬಡಗಿಗಳು ಮರದ ಸಂದುಗಳಲ್ಲಿ ಕಲ್ಲುಪ್ಪು ತುಂಬುತ್ತಿದ್ದದ್ದು ಇದೇ ಕಾರಣಕ್ಕೆ. ಮಳೆನೀರು ಸಿಹಿನೀರು. ಬಯಲಲ್ಲಿ ನಿಂತ ದೋಣಿಯೊಳಗೆ ಅದು ವರ್ಷಗಟ್ಟಲೆ ಇಂಗುತ್ತದೆ. ಮೇಲಾಗಿ ನೀರು ಮಂಜುಗಡ್ಡೆಯಾದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಚಳಿನಾಡಿನಲ್ಲಿ ನೀರು ಬಸಿಯದೆ ಬಿಟ್ಟ ಎಂಜಿನ್ನಿನ ಎರಕದ ಬ್ಲಾಕ್ ಒಂದೇ ಚಳಿಗಾಲಕ್ಕೆ ಸೀಳಿಹೋಗಬಹುದು.

ಟಾರ್ಪಾಲಿನನ್ನು ಬಿಗಿದು ಕಟ್ಟಿದರೂ ಒಳಗೆ ತೇವ ಸೆರೆಯಾಗಿ ಅದೇ ಫಲ. ದೋಣಿಯ ಮುಂಭಾಗ ಎತ್ತರಿಸಿ, ತಳದ ಬಿರಡೆ ತೆಗೆದು, ಗಾಳಿಯಾಡುವಂತೆ ಚಪ್ಪರದ ಆಕಾರದಲ್ಲಿ ಮುಚ್ಚುವುದು ಸರಿಯಾದ ಕ್ರಮ.

ತಪ್ಪು ಕಲ್ಪನೆ: ಕೊಳೆತ ಮರಕ್ಕೆ ತೂತು ಕೊರೆದು ಎಪಾಕ್ಸಿ ಸುರಿದರೆ ಸಾಕು.

ಸತ್ಯ: ಒದ್ದೆ ಮರ ರೆಸಿನ್ನನ್ನು ಹೀರುವುದಿಲ್ಲ. ಹೀರಿದರೂ ಸತ್ತ ನಾರಿಗೆ ಬಲ ಮರಳುವುದಿಲ್ಲ. ಓಟದಲ್ಲಿರುವ ಎಂಜಿನ್ನಿನ ಪೂರ್ತಿ ತಳ್ಳುವಿಕೆಯನ್ನು ತಡೆಯಬೇಕಾದ ಟ್ರಾನ್ಸಮ್‌ನಲ್ಲಿ ಈ ತೇಪೆ ಅಪಾಯಕಾರಿ. ಒಳಪದರವನ್ನು ಕತ್ತರಿಸಿ, ಕೊಳೆತ ಪ್ಲೈಯನ್ನು ಪೂರ್ತಿ ಕಿತ್ತು, ಹೊರಪದರದ ಒಳಮೈಯನ್ನು ಉಜ್ಜಿ ಒಣಗಿಸಿ, ಹೊಸ ಪ್ಲೈ ಕೂರಿಸಿ ಮತ್ತೆ ಗಾಜಿನ ಬಟ್ಟೆ ಹಾಸಬೇಕು. ಹಳೆಯ ಪದರದ ಅಂಚನ್ನು ಇಳಿಜಾರಾಗಿ ಉಜ್ಜಬೇಕು. ದಪ್ಪಕ್ಕೆ ಹನ್ನೆರಡು ಪಟ್ಟು ಅಗಲದ ಇಳಿಜಾರು ವಾಡಿಕೆಯ ಅಳತೆ. 5 ಮಿಲಿಮೀಟರ್ ದಪ್ಪದ ಪದರಕ್ಕೆ 60 ಮಿಲಿಮೀಟರ್. ಹೊಸದು ಹಳೆಯದರ ಮೇಲೆ ವಿಶಾಲವಾಗಿ ಅಂಟಿದಷ್ಟೂ ಬಲ ಹೆಚ್ಚು.

ಇಲ್ಲಿ ರೆಸಿನ್ನಿನ ಆಯ್ಕೆ ಮುಖ್ಯ. ಒಣಗಿ ದಶಕಗಳಾದ ಪಾಲಿಯೆಸ್ಟರ್ ಮೇಲೆ ಹೊಸ ಪಾಲಿಯೆಸ್ಟರ್‌ಗಿಂತ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ. ಆದರೆ ಎರಡರ ನಿಯಮ ಬೇರೆ ಬೇರೆ. ಪಾಲಿಯೆಸ್ಟರ್‌ಗೆ ಹಾಕುವ ಕ್ಯಾಟಲಿಸ್ಟ್ ಸಾಮಾನ್ಯವಾಗಿ ಶೇ. 1ರಿಂದ 2, ಬಿಸಿಲು, ಚಳಿ ನೋಡಿ ಅದರಲ್ಲೇ ಹೆಚ್ಚು ಕಡಿಮೆ ಮಾಡಬಹುದು. ಎಪಾಕ್ಸಿಯಲ್ಲಿ ರೆಸಿನ್ ಮತ್ತು ಹಾರ್ಡನರ್ ಪ್ರಮಾಣ ತಯಾರಕರು ಹೇಳಿದಷ್ಟೇ. ಬೇಗ ಗಟ್ಟಿಯಾಗಲೆಂದು ಹಾರ್ಡನರ್ ಹೆಚ್ಚು ಸುರಿದರೆ ಅದು ಕೊನೆಗೂ ಮೆದುವಾಗಿಯೇ ಉಳಿಯುತ್ತದೆ. ಇನ್ನು ಚಾಪ್ಡ್ ಮ್ಯಾಟ್ ಎಂಬ ಗಾಜಿನ ಹಾಸಿನ ಅಂಟು ಪಾಲಿಯೆಸ್ಟರ್‌ನಲ್ಲಿರುವ ಸ್ಟೈರೀನ್‌ಗೆ ಕರಗುವಂಥದ್ದು. ಎಪಾಕ್ಸಿಗೆ ಅದು ಸರಿಯಾಗಿ ಬಗ್ಗುವುದಿಲ್ಲ, ನೇಯ್ದ ಅಥವಾ ಹೊಲಿದ ಗಾಜಿನ ಬಟ್ಟೆಯೇ ಬೇಕು.

ಕರಾವಳಿಯ ಓದುಗರಿಗೆ ಒಂದು ಎಚ್ಚರಿಕೆ. ನಮ್ಮಲ್ಲಿ ಪಾಲಿಯೆಸ್ಟರ್ ರೆಸಿನ್ ಜೊತೆಗೆ ಕೋಬಾಲ್ಟ್ ಆಕ್ಸಿಲರೇಟರ್ ಮತ್ತು ಪೆರಾಕ್ಸೈಡ್ ಕ್ಯಾಟಲಿಸ್ಟ್ ಬೇರೆ ಬೇರೆ ಬಾಟಲಿಗಳಲ್ಲಿ ಮಾರಾಟವಾಗುತ್ತವೆ. ಇವೆರಡನ್ನು ನೇರವಾಗಿ ಒಂದಕ್ಕೊಂದು ಬೆರೆಸಿದರೆ ಸ್ಫೋಟವಾಗಬಹುದು. ಮೊದಲು ಆಕ್ಸಿಲರೇಟರನ್ನು ರೆಸಿನ್ನಿಗೆ ಪೂರ್ತಿ ಕಲಸಿ, ಆಮೇಲಷ್ಟೇ ಕ್ಯಾಟಲಿಸ್ಟ್ ಹಾಕಬೇಕು. ಕ್ಯಾಟಲಿಸ್ಟ್ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು, ಕನ್ನಡಕವಿಲ್ಲದೆ ಬಾಟಲಿ ತೆರೆಯಬೇಡಿ. ಮೂಗಿಗೆ ಕಟ್ಟಿದ ಕರವಸ್ತ್ರ ಸ್ಟೈರೀನ್ ಆವಿಯನ್ನು ತಡೆಯುವುದಿಲ್ಲ. ಇದ್ದಿಲಿನ ಫಿಲ್ಟರ್ ಇರುವ ಮುಖವಾಡವೇ ಬೇಕು.

ತಪ್ಪು ಕಲ್ಪನೆ: ಮರೀನ್ ಪ್ಲೈ ಹಾಕಿದರೆ ಮತ್ತೆ ಕೊಳೆಯುವ ಮಾತೇ ಇಲ್ಲ.

ಸತ್ಯ: ಅಡುಗೆಮನೆ ಮಾಡಿಸುವಾಗ ಐಎಸ್ 710 ಎಂಬ ಮುದ್ರೆ ಹುಡುಕುವ ನಮಗೆ ಈ ನಂಬಿಕೆ ಚಿರಪರಿಚಿತ. ಮರೀನ್ ದರ್ಜೆಯ ಮೊದಲ ಭರವಸೆ ಅಂಟಿನದು. ನೀರಲ್ಲಿ ಕುದಿಸಿದರೂ ಪದರಗಳು ಬಿಡಬಾರದು, ಒಳಪದರಗಳಲ್ಲಿ ಪೊಳ್ಳು ಇರಬಾರದು. ದೋಣಿ ಕಟ್ಟುವವರು ಮೆಚ್ಚುವ ಬ್ರಿಟಿಷ್ ಮಾನದಂಡ ಬಿಎಸ್ 1088ರ ಪ್ಲೈ ಹೆಚ್ಚಾಗಿ ಓಕುಮೆ ಮರದ್ದು. ಆ ಮರ ಹಗುರ, ಸುಂದರ, ಆದರೆ ಕೊಳೆಯನ್ನು ತಡೆಯುವ ಸ್ವಂತ ಶಕ್ತಿ ಅದಕ್ಕೆ ಕಡಿಮೆ. ನಮ್ಮ ಐಎಸ್ 710ರಲ್ಲಿ ಸಂರಕ್ಷಕ ರಾಸಾಯನಿಕ ಸೇರಿಸಬೇಕೆಂಬ ನಿಯಮವಿದ್ದರೂ ನಿರಂತರ ತೇವದೆದುರು ಅದು ಶಾಶ್ವತ ಕವಚವಲ್ಲ. ಹೊಸ ಪ್ಲೈ ಬಾಳುವುದು ಅಂಚುಗಳನ್ನು ಎಪಾಕ್ಸಿಯಿಂದ ತೋಯಿಸಿ ಮುಚ್ಚಿದರೆ ಮತ್ತು ಮುಂದೆ ಕೊರೆಯುವ ಪ್ರತಿ ತೂತಿನ ಒಳಗೋಡೆಗೂ ಎಪಾಕ್ಸಿ ಬಳಿದರೆ ಮಾತ್ರ.

ತಪ್ಪು ಕಲ್ಪನೆ: ನೆಲದಡಿಯ ಫೋಮ್ ಒದ್ದೆಯಾಗಿದ್ದರೆ ಒಣಗಿಸಬಹುದು, ಇಲ್ಲವೇ ತೆಗೆದು ಎಸೆಯಬಹುದು.

ಸತ್ಯ: 1961ರಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಬಂದ ಚಿತ್ರಗಳು ಪ್ರಸಿದ್ಧ. ಬೋಸ್ಟನ್ ವೇಲರ್ ದೋಣಿಯನ್ನು ನೀರಿನ ಮೇಲೆಯೇ ಗರಗಸದಿಂದ ಎರಡು ತುಂಡು ಮಾಡಲಾಯಿತು. ಅದರ ಸ್ಥಾಪಕ ಡಿಕ್ ಫಿಶರ್ ದೋಣಿಯಲ್ಲೇ ಕೂತಿದ್ದರು, ದೋಣಿ ಮುಳುಗಲಿಲ್ಲ. ಎರಡು ಪದರಗಳ ನಡುವೆ ತುಂಬಿದ ಫೋಮ್‌ನ ಶಕ್ತಿ ಅದು. ಆದರೆ ದಶಕಗಳ ಕಾಲ ನೀರಲ್ಲಿ ನೆನೆದ ಫೋಮ್ ಕ್ರಮೇಣ ನೀರು ಕುಡಿಯುತ್ತದೆ. ಮುಚ್ಚಿದ ಜಾಗದಲ್ಲಿ ಅದು ಒಣಗುವುದೂ ಇಲ್ಲ. ಆಗ ದೋಣಿ ಎಷ್ಟೋ ಕಿಲೋ ಹೊರೆ ಹೊತ್ತೇ ತೇಲುತ್ತಿರುತ್ತದೆ. ಅದನ್ನು ಕತ್ತರಿಸಿ ತೆಗೆಯಲೇಬೇಕು, ಅಷ್ಟೇ ಪ್ರಮಾಣದ ಹೊಸದನ್ನು ತುಂಬಲೂಬೇಕು. ಒಂದು ಘನ ಅಡಿ ಹೊಸ ಫೋಮ್ ಸುಮಾರು 27 ಕಿಲೋ ಭಾರವನ್ನು ತೇಲಿಸಬಲ್ಲದು. ಅದಿಲ್ಲದೆ ದೋಣಿಗೆ ನೀರು ತುಂಬಿದರೆ ಹಿಡಿದುಕೊಳ್ಳಲು ಏನೂ ಉಳಿಯದು. ಎಷ್ಟೋ ವಿನ್ಯಾಸಗಳಲ್ಲಿ ತಳಕ್ಕೆ ಬಿಗುವು ಕೊಡುವುದೂ ಇದೇ ಫೋಮ್.

ತಪ್ಪು ಕಲ್ಪನೆ: ಒಳಗಿರುವುದು ಕಾರಿನ ಎಂಜಿನ್ನೇ, ಕಾರಿನ ಬಿಡಿಭಾಗ ಹಾಕಿದರೆ ಹಣ ಉಳಿತಾಯ.

ಸತ್ಯ: ಇಡೀ ಪಟ್ಟಿಯಲ್ಲಿ ಪ್ರಾಣಕ್ಕೆ ಹತ್ತಿರದ ತಪ್ಪು ಇದು. ಮರ್‌ಕ್ರೂಸರ್‌ನಂಥ ಎಷ್ಟೋ ಒಳ ಎಂಜಿನ್‌ಗಳ ಬ್ಲಾಕ್ ಜನರಲ್ ಮೋಟಾರ್ಸ್ ಕಾರುಗಳದ್ದೇ ಎಂಬುದು ನಿಜ. ಸುತ್ತಲಿನ ಭಾಗಗಳ ಕತೆ ಬೇರೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಕಾರಿನಲ್ಲಿ ಸೋರಿದ ಆವಿ ಕೆಳಗಿಳಿದು ರಸ್ತೆಯ ಗಾಳಿಗೆ ಚದುರುತ್ತದೆ. ದೋಣಿಯಲ್ಲಿ ಅದು ತಳದ ಗುಂಡಿಯಲ್ಲಿ ತುಂಬಿ ನಿಲ್ಲುತ್ತದೆ. ಕಾರಿನ ಸ್ಟಾರ್ಟರ್ ಅಥವಾ ಆಲ್ಟರ್ನೇಟರ್ ಒಳಗಿನ ಒಂದು ಕಿಡಿ ಹೊರಬಿದ್ದರೆ ಅನಾಹುತ. ಮರೀನ್ ಭಾಗಗಳಲ್ಲಿ ಕಿಡಿ ಹೊರಹೋಗದಂತೆ ಕವಚವಿರುತ್ತದೆ. ಮರೀನ್ ಕಾರ್ಬ್ಯುರೇಟರ್ ಉಕ್ಕಿದರೆ ಪೆಟ್ರೋಲ್ ಎಂಜಿನ್ನಿನೊಳಕ್ಕೇ ಹರಿಯುವಂತೆ ಮಾಡಿರುತ್ತಾರೆ. ಪಟಾಕಿ ಸಿಡಿದಂತೆ ಎಂಜಿನ್ ಹಿಮ್ಮುಖವಾಗಿ ಉಗುಳುವ ಜ್ವಾಲೆಯನ್ನು ತಡೆಯುವ ಫ್ಲೇಮ್ ಅರೆಸ್ಟರ್ ಅಮೆರಿಕದಲ್ಲಿ 1940ರಿಂದಲೇ ಕಡ್ಡಾಯ. ಒಳ ಎಂಜಿನ್ ಚಾಲೂ ಮಾಡುವ ಮೊದಲು ಕನಿಷ್ಠ ನಾಲ್ಕು ನಿಮಿಷ ಬ್ಲೋವರ್ ಓಡಿಸಿ, ಮೂಗಿನಿಂದಲೂ ಪರೀಕ್ಷಿಸಿ.

ಹಳೆಯ ಇಂಧನ ಕೊಳವೆಗಳನ್ನೂ ಉಳಿಸಿಕೊಳ್ಳಬೇಡಿ. ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಇದೆ, ಭಾರತದಲ್ಲಿ ಶೇ. 20ರಷ್ಟು. ಅದು ಹಳೆಯ ರಬ್ಬರನ್ನು ಕೊರೆಯುತ್ತದೆ, ತೇವ ಹೀರುತ್ತದೆ. ನೀರು ಹೆಚ್ಚಾದರೆ ಪೆಟ್ರೋಲ್‌ನಿಂದ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತದೆ. ವೈರಿಂಗ್‌ಗೂ ಮನೆಯ ತಂತಿ ಸಲ್ಲ. ಅಲುಗಾಟದಲ್ಲಿ ಒಂಟಿ ತಂತಿ ಮುರಿಯುತ್ತದೆ. ತವರ ಲೇಪಿಸಿದ, ಹಲವು ಎಳೆಗಳ ತಾಮ್ರದ ತಂತಿ ಬೇಕು.

ತಪ್ಪು ಕಲ್ಪನೆ: ಚಾಲೂ ಆಗುತ್ತದೆಯೇ ಎಂದು ಅಂಗಳದಲ್ಲೇ ಎಂಜಿನ್ ಓಡಿಸಿ ನೋಡಬಹುದು.

ಸತ್ಯ: ಔಟ್‌ಬೋರ್ಡ್ ಎಂಜಿನ್ನಿಗೆ ತಂಪು ಕೊಡುವುದು ಹೊರಗಿನ ನೀರು. ಅದನ್ನು ಮೇಲೆತ್ತುವ ರಬ್ಬರ್ ಇಂಪೆಲ್ಲರ್ ಒಣಗಿ ತಿರುಗಿದರೆ ಬಹುಬೇಗ ಸುಟ್ಟು ಹರಿಯುತ್ತದೆ. ಕೊಳವೆಯಿಂದ ನೀರು ಕೊಡಿ ಅಥವಾ ಡ್ರಮ್‌ನಲ್ಲಿ ಮುಳುಗಿಸಿ. ವರ್ಷಗಳಿಂದ ನಿಂತ ಎಂಜಿನ್ನಿಗೆ ಚಾಲೂ ಮಾಡುವ ಮೊದಲೇ ಹೊಸ ಇಂಪೆಲ್ಲರ್ ಹಾಕುವುದು ಜಾಣತನ. ಟೂ-ಸ್ಟ್ರೋಕ್ ಎಂಜಿನ್ನಿಗೆ ಬೈಕಿನ ಎಣ್ಣೆ ಬೇಡ, ಟಿಸಿ-ಡಬ್ಲ್ಯು3 ದರ್ಜೆಯದು ಬೇಕು. 50:1 ಎಂದರೆ ಲೀಟರಿಗೆ 20 ಮಿಲಿಲೀಟರ್. 1950ರ ದಶಕದ ಕೆಲವು ಎಂಜಿನ್‌ಗಳು ಇದರ ಎರಡು ಪಟ್ಟು ಕೇಳುತ್ತವೆ, ಕೈಪಿಡಿ ನೋಡಿಯೇ ಬೆರೆಸಿ.

ತಪ್ಪು ಕಲ್ಪನೆ: ದೊಡ್ಡ ಹೊಸ ಎಂಜಿನ್ ಹಾಕಿದರೆ ಹಳೆಯ ದೋಣಿ ಹೊಸದಾಗುತ್ತದೆ.

ಸತ್ಯ: 1972ರ ನವೆಂಬರ್‌ನಿಂದ ಅಮೆರಿಕದಲ್ಲಿ ತಯಾರಾದ, ಇಪ್ಪತ್ತು ಅಡಿಗಿಂತ ಚಿಕ್ಕ ಸಾಮಾನ್ಯ ಔಟ್‌ಬೋರ್ಡ್ ದೋಣಿಗಳಲ್ಲಿ ಗರಿಷ್ಠ ಅಶ್ವಶಕ್ತಿ, ಜನ ಮತ್ತು ಭಾರ ತಿಳಿಸುವ ಫಲಕ ಇರಲೇಬೇಕು. ಅದನ್ನು ಮೀರಬಾರದು. ಅಶ್ವಶಕ್ತಿ ಅಷ್ಟೇ ಇದ್ದರೂ ಇಂದಿನ ಫೋರ್-ಸ್ಟ್ರೋಕ್ ಎಂಜಿನ್ ಹಳೆಯ ಟೂ-ಸ್ಟ್ರೋಕ್‌ಗಿಂತ ಸಾಮಾನ್ಯವಾಗಿ ಭಾರ. ಹಿಂಬದಿ ತಗ್ಗಾಗಿರುವ ಹಳೆಯ ದೋಣಿ ಆ ಭಾರಕ್ಕೆ ಕುಸಿದು, ಹಿಂದಿನಿಂದ ಬರುವ ಅಲೆ ಒಳಗೆ ನುಗ್ಗುತ್ತದೆ. ಎಂಜಿನ್ ಕೊಳ್ಳುವ ಮೊದಲು ಅದರ ತೂಕವನ್ನೂ ಟ್ರಾನ್ಸಮ್ ಎತ್ತರವನ್ನೂ ಬರೆದಿಟ್ಟು ಹೋಲಿಸಿ.

ತಪ್ಪು ಕಲ್ಪನೆ: ಸತುವಿನ ತುಂಡು ಎಲ್ಲ ನೀರಿಗೂ ಸೈ.

ಸತ್ಯ: ತಾನು ಸವೆದು ಎಂಜಿನ್ನಿನ ಲೋಹವನ್ನು ಕಾಯುವ ಆನೋಡ್ ಉಪ್ಪುನೀರಿಗೆ ಸತು ಅಥವಾ ಅಲ್ಯೂಮಿನಿಯಂ, ಅಳಿವೆಯ ಚೌಳುನೀರಿಗೆ ಅಲ್ಯೂಮಿನಿಯಂ, ಸಿಹಿನೀರಿಗೆ ಮೆಗ್ನೀಸಿಯಂನದು ಇರಬೇಕು. ಅದಕ್ಕೆ ಬಣ್ಣ ಬಳಿದರೆ ಕೆಲಸವೇ ನಿಲ್ಲುತ್ತದೆ.

ಇಷ್ಟನ್ನೂ ಒಟ್ಟಿಗಿಟ್ಟರೆ ಕೆಲಸದ ಕ್ರಮ ತಾನಾಗಿ ತೆರೆದುಕೊಳ್ಳುತ್ತದೆ. ಮೊದಲು ಕಾಗದಪತ್ರ: 1972ರ ನಂತರದ ಅಮೆರಿಕನ್ ದೋಣಿಯ ಹಿಂಬದಿಯಲ್ಲಿ ಕೆತ್ತಿದ 12 ಅಕ್ಷರಗಳ ಗುರುತು ಮಾಲೀಕತ್ವದ ಪತ್ರಕ್ಕೆ ಹೊಂದಬೇಕು. ಭಾರತದ ಒಳನಾಡಿನ ನೀರಿನಲ್ಲಾದರೆ 2021ರ ಒಳನಾಡು ನೌಕೆಗಳ ಕಾಯ್ದೆಯಡಿ ನೋಂದಣಿ, ತಪಾಸಣೆ ಏನೇನು ಬೇಕೆಂದು ಕೊಳ್ಳುವ ಮೊದಲೇ ವಿಚಾರಿಸಿ. ಎರಡನೆಯದು ಟ್ರಾನ್ಸಮ್, ಸ್ಟ್ರಿಂಗರ್, ಫೋಮ್. ಮೂರನೆಯದು ಇಂಧನ ಮತ್ತು ವಿದ್ಯುತ್. ನಾಲ್ಕನೆಯದು ಎಂಜಿನ್. ಬಣ್ಣ, ಸೀಟು, ಪಾಲಿಶ್ ಕಟ್ಟಕಡೆಗೆ. ಟ್ರಾನ್ಸಮ್, ಸ್ಟ್ರಿಂಗರ್, ನೆಲ ಮೂರೂ ಕೊಳೆತು, ತಳವೂ ಟ್ರೇಲರ್ ಮೇಲೆ ಕೂತಲ್ಲೇ ಸೊಟ್ಟಗಾಗಿದ್ದರೆ ಮೊದಲ ಸಲ ಕೈಹಾಕುವವರು ಆ ದೋಣಿಯನ್ನು ಬಿಟ್ಟು ಬೇರೊಂದನ್ನು ಹುಡುಕುವುದು ಒಳ್ಳೆಯದು.

ದುರಸ್ತಿಗೆ ಸುರಿದ ಹಣ ಮಾರುವಾಗ ಪೂರ್ತಿ ಮರಳುವುದು ಅಪರೂಪ. ಆದರೂ ಈ ಕೆಲಸಕ್ಕೆ ದೊಡ್ಡ ಅರ್ಥವಿದೆ. ಗಟ್ಟಿಯಾದ ಪಾಲಿಯೆಸ್ಟರ್ ರೆಸಿನ್ನನ್ನು ಲೋಹದಂತೆ ಕರಗಿಸಿ ಮತ್ತೆ ಎರಕ ಹೊಯ್ಯಲಾಗದು. ಕೈಬಿಟ್ಟ ಫೈಬರ್ ದೋಣಿಗಳು ಹೆಚ್ಚಾಗಿ ಕಸದ ಗುಂಡಿ ಸೇರಿ ಅಲ್ಲೇ ಉಳಿಯುತ್ತವೆ. ಗಟ್ಟಿಯಾದ ಹೊರಕವಚಕ್ಕೆ ಹೊಸ ಮರ, ಹೊಸ ಕೊಳವೆ, ಹೊಸ ತಂತಿ ಕೊಟ್ಟು ಇನ್ನೆರಡು ದಶಕ ಓಡುವಂತೆ ಮಾಡುವವರು ನೀರಿಗೂ ನೆಲಕ್ಕೂ ಉಪಕಾರ ಮಾಡುತ್ತಾರೆ. ಸುತ್ತಿಗೆ ಹಿಡಿದು ಟ್ರಾನ್ಸಮ್ ತಟ್ಟುವುದರಿಂದ ಶುರುಮಾಡಿ.